ಹಿಮನದಿಗೆ ಬೆನ್ನು ಹಾಕಿ ಓಡಿದ್ದು

ಚಳಿ ಮತ್ತು ಸಮುದ್ರ, ಇವೆರಡರ ಬಗ್ಗೆ ಯಾರೂ ನನಗೆ ಪಾಠ ಹೇಳಬೇಕಾಗಿಲ್ಲ ಎಂದು ನಾನು ತಿಳಿದುಕೊಂಡಿದ್ದೆ. ಹುಟ್ಟಿದ್ದು ಉಳ್ಳಾಲದಲ್ಲಿ, ಸಮುದ್ರದ ಸದ್ದು ಕೇಳಿಕೊಂಡೇ ಬೆಳೆದವನು. ಉದ್ಯೋಗ ಬಹ್ರೇನಿನ ಬಂದರು ಮೀನಾ ಸಲ್ಮಾನ್‌ನಲ್ಲಿ, ಒಂದು ಕೋಲ್ಡ್ ಸ್ಟೋರಿನ ಗುಮಾಸ್ತಗಿರಿ. ಹೊರಗೆ ಡಾಮರು ಮೆತ್ತಗಾಗುವ ಬಿಸಿಲು, ಒಳಗೆ ಕಲ್ಲಾಗಿ ಮಲಗಿರುವ ಕೋಳಿಗಳು. ದಿನಾ ಆ ಕೋಳಿಗಳನ್ನು ಮಾತಾಡಿಸಿ ಬರುವ ನನಗೆ ಹಿಮನದಿ ಯಾವ ಲೆಕ್ಕ?

ಆದರೆ ಹಿಮನದಿ ನನ್ನ ಆಸೆಯಲ್ಲ, ನನ್ನ ಹೆಂಡತಿ ಐರಿನ್‌ಳದ್ದು. ಅವಳು ಐಸಿಯು ನರ್ಸ್. ಡ್ಯೂಟಿ ಮುಗಿಸಿ ಜಿಂಜ್‌ನ ನಮ್ಮ ಫ್ಲ್ಯಾಟಿಗೆ ಬಂದರೆ ಮೊದಲು ಚಪ್ಪಲಿ ಕಳಚುತ್ತಾಳೆ, ಆಮೇಲೆ ಸೋಫಾದ ಮೇಲೆ ಕಾಲು ಚಾಚಿ ಫೋನಿನಲ್ಲಿ ಹಿಮನದಿ ಒಡೆಯುವ ವಿಡಿಯೋ ನೋಡುತ್ತಾಳೆ. ಮನೆಯಷ್ಟು ದೊಡ್ಡ ಐಸಿನ ತುಂಡು ಧಡಾರನೆ ನೀರಿಗೆ ಬೀಳುತ್ತದೆ, ಇವಳು "ಅಬ್ಬ" ಎಂದು ಉಸಿರು ಬಿಡುತ್ತಾಳೆ. ದಿನವಿಡೀ ಎದೆಯಲ್ಲಿ ಹಿಡಿದುಕೊಂಡದ್ದೆಲ್ಲ ಅದರೊಟ್ಟಿಗೆ ಬಿದ್ದುಹೋಗುತ್ತದಂತೆ.

ಹಾಗಿರುವಾಗ ಸೂಪರ್‌ಮಾರ್ಕೆಟಿನ ಲಕ್ಕಿ ಡ್ರಾದಲ್ಲಿ ಅವಳ ಕೂಪನ್‌ಗೇ ಬಹುಮಾನ ಬಂತು. ನಾರ್ವೆಯ ತುತ್ತತುದಿಯ ಒಂದು ದ್ವೀಪಕ್ಕೆ ಇಬ್ಬರಿಗೆ ಟಿಕೆಟ್, ದೋಣಿಯಲ್ಲಿ ಹೋಗಿ ಹಿಮನದಿ ನೋಡುವ ಟೂರ್ ಸಮೇತ! ಐರಿನ್ ಇಡೀ ಕಟ್ಟಡಕ್ಕೆ ಪಾಯಸ ಹಂಚಿದಳು. ವೀಸಾ ಬಂತು, ಅವಳ ರಜೆಯೂ ಮಂಜೂರಾಯಿತು. ಹೊರಡುವ ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ತಪಾಸಣೆಯವರು ಬರುತ್ತಾರೆಂದು ಎಲ್ಲರ ರಜೆ ರದ್ದು ಮಾಡಿದರು. ಟಿಕೆಟಿನ ದಿನಾಂಕ ಬದಲಿಸಲು ಆಗುವುದಿಲ್ಲ. ಐರಿನ್ ಅಡುಗೆಮನೆಯ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತಳು. ನನಗೆ ಕೇಳಿಸಿತು.

ಮರುದಿನ ಅವಳೇ ತೀರ್ಮಾನ ಹೇಳಿದಳು.

"ನೀವೊಬ್ಬರಾದರೂ ಹೋಗಿ. ನಾನು ಬ್ರೇಕಿನಲ್ಲಿ ವಿಡಿಯೋ ಕಾಲ್ ಮಾಡ್ತೇನೆ. ರೆಕಾರ್ಡ್ ಆದದ್ದು ಬೇಕಾದಷ್ಟು ನೋಡಿ ಆಗಿದೆ. ಬೀಳುವಾಗಲೇ ನನಗೆ ಕಾಣಬೇಕು. ಫೋನ್ ಬಂದ ಕೂಡಲೇ ಎತ್ತಬೇಕು, ಗೊತ್ತಾಯ್ತಾ?"

ನಾನು ಎದೆ ತಟ್ಟಿಕೊಂಡು ಆಶ್ವಾಸನೆ ಕೊಟ್ಟೆ. ಮೇಲಿನ ಮನೆಯ ಹಮೀದಾಕ, ಈಸಾ ಟೌನಿನ ಶಾಲೆಗೆ ಬಸ್ಸು ಓಡಿಸುವವರು, ಸುದ್ದಿ ಕೇಳಿ ತಲೆ ಕೆರೆದುಕೊಂಡರು. ಅವರ ಕುಟುಂಬದವರೆಲ್ಲ ಮಂಗಳೂರು ಬಂದರಿನಲ್ಲಿ ಮೀನುಬೋಟಿನ ಜನ. "ನಮ್ಮಲ್ಲಿ ಬೋಟಿಗೆ ಐಸ್ ತುಂಬಿಸಿ ಸಮುದ್ರಕ್ಕೆ ಹೋಗುದು ಮಾರಾಯ್ರೇ. ಐಸ್ ನೋಡ್ಲಿಕ್ಕೆ ಬೋಟಿನಲ್ಲಿ ಹೋಗುದು ಎಂತದು?" ಎಂದರು.

ಆ ಸೆಕೆಯಲ್ಲಿ ಬಹ್ರೇನಿನಲ್ಲಿ ಉಣ್ಣೆ ಬಟ್ಟೆ ಹುಡುಕುವವನನ್ನು ಅಂಗಡಿಯವರು ಜ್ವರ ಬಂದವನನ್ನು ನೋಡುವಂತೆ ನೋಡುತ್ತಾರೆ. ನಾನು ಹುಡುಕುವ ಗೋಜಿಗೇ ಹೋಗಲಿಲ್ಲ. ಕೋಲ್ಡ್ ಸ್ಟೋರಿನ ಕಿತ್ತಳೆ ಬಣ್ಣದ ದಪ್ಪ ಜಾಕೆಟ್ ಇತ್ತಲ್ಲ, ಅದನ್ನೇ ಮಡಚಿ ಪೆಟ್ಟಿಗೆಗೆ ತುಂಬಿದೆ. ಅದರ ಬೆನ್ನಿನ ತುಂಬಾ ಒಂದು ದೊಡ್ಡ ಕೋಳಿಯ ಚಿತ್ರವಿದೆ ಎಂಬುದು ದಿನಾ ಹಾಕಿಕೊಳ್ಳುವವನಿಗೆ ಮರೆತೇಹೋಗಿತ್ತು. ನೆನಪಾದದ್ದು ದೋಣಿ ಹತ್ತುವಾಗ. ಹಿಂದಿದ್ದ ಮಕ್ಕಳು "ಚಿಕನ್, ಚಿಕನ್" ಎಂದು ನಗುತ್ತಿದ್ದವು. ನಾನು ಘನತೆಯಿಂದ ಮುಂದೆ ನಡೆದೆ.

ದೋಣಿ ಹೊರಟು ಸ್ವಲ್ಪ ಹೊತ್ತಿನಲ್ಲೇ ಎರಡು ಸಂಗತಿಗಳು ಸ್ಪಷ್ಟವಾದವು. ಒಂದು, ಕೋಲ್ಡ್ ಸ್ಟೋರಿನಲ್ಲಿ ಗಾಳಿ ಬೀಸುವುದಿಲ್ಲ. ಎರಡು, ಉಳ್ಳಾಲದಲ್ಲಿ ನಾನು ಸಮುದ್ರವನ್ನು ನೋಡಿದ್ದು ದಡದಿಂದ ಮಾತ್ರ. ದೋಣಿ ಒಮ್ಮೆ ಎಡಕ್ಕೆ ವಾಲಿತು, ಹೊಟ್ಟೆ ಬಲಕ್ಕೆ ಹೋಯಿತು. ಆಮೇಲೆ ನಡೆದದ್ದನ್ನು ವಿವರಿಸುವುದು ಸಭ್ಯತೆಯಲ್ಲ. ಅಕ್ಕಪಕ್ಕದ ಸೀಟಿನವರು ಒಬ್ಬೊಬ್ಬರಾಗಿ ಎದ್ದು ಹೋದರು ಎಂದರೆ ಸಾಕು. ಒಬ್ಬ ಜರ್ಮನ್ ಅಜ್ಜಿ ಮಾತ್ರ ಶುಂಠಿ ಬಿಸ್ಕತ್ತು ಕೊಟ್ಟು ಬೆನ್ನು ಸವರಿದರು. ಇಂಥ ಜಾಗಕ್ಕೆ ಒಬ್ಬನೇ ಯಾಕೆ ಬಂದೆ ಎಂದು ಅಳು ಬಂತು. ಐರಿನ್ ಇದ್ದಿದ್ದರೆ ಬೈಯುತ್ತಾ ಬಾಯಿ ಒರೆಸುತ್ತಿದ್ದಳು.

ಕೊನೆಗೂ ಹಿಮನದಿ ಬಂತು. ನದಿ ಅಂದರೆ ಹರಿಯಬೇಕಲ್ಲ, ಇದು ಗೋಡೆಯ ಹಾಗೆ ಸುಮ್ಮನೆ ನಿಂತಿತ್ತು. ನೀಲಿ ಗೋಡೆ. ದೋಣಿ ಇಂಜಿನ್ ನಿಲ್ಲಿಸಿತು, ಎಲ್ಲರೂ ಕ್ಯಾಮೆರಾ ಹಿಡಿದು ಮುಂದಿನ ಡೆಕ್ಕಿನಲ್ಲಿ ಕಾದರು. ನಾನೂ ಕಂಬಿ ಹಿಡಿದು ನಿಂತೆ. ಚಳಿಗೆ ಬ್ಯಾಟರಿ ಸಾಯುತ್ತದೆಂದು ಫೋನನ್ನು ಜಾಕೆಟ್, ಎರಡು ಸ್ವೆಟರ್, ಶರ್ಟು ಇವೆಲ್ಲದರ ಒಳಗೆ ಬನಿಯನ್ನಿಗೆ ತಾಗಿಸಿ ಇಟ್ಟಿದ್ದೆ. ದೋಣಿಯಲ್ಲಿ ವೈಫೈ ಇತ್ತು. ಐರಿನ್‌ಳ ಬ್ರೇಕಿನ ಸಮಯವೂ ಹತ್ತಿರವಾಗಿತ್ತು. ಈಗ ಕಾಲ್ ಬರುತ್ತದೆ, ಈಗ ಬರುತ್ತದೆ ಎಂದು ಮೈಯೆಲ್ಲ ಕಿವಿಯಾಗಿ ನಿಂತಿದ್ದೆ.

ಆಗ ಮೈಕಿನಲ್ಲಿ ಗೈಡ್ ಹುಡುಗಿ ಕೂಗಿದಳು: "ಶೀ ಈಸ್ ಕಾಲಿಂಗ್! ಶೀ ಈಸ್ ಕಾಲಿಂಗ್!"

ಐರಿನ್ ಕಾಲ್ ಮಾಡುತ್ತಿದ್ದಾಳೆ! ಫೋನ್ ಒಳಗೆ ಅಲುಗಲಿಲ್ಲ, ಹಾಗಾದರೆ ದೋಣಿಯ ಆಫೀಸಿಗೇ ಮಾಡಿರಬೇಕು. ಬುಕಿಂಗಿನಲ್ಲಿ ತುರ್ತು ನಂಬರ್ ಎಂದು ಅವಳದ್ದನ್ನೇ ಕೊಟ್ಟಿದ್ದೆನಲ್ಲ. ದೋಣಿಗೇ ಫೋನ್ ಮಾಡಬೇಕಾದರೆ ಏನಾಗಿದೆಯೋ ಏನೋ! ಎಲ್ಲರೂ ಕಿರುಚುತ್ತಾ ಕಂಬಿಯ ಕಡೆಗೆ ನುಗ್ಗಿದರು. ನಾನೊಬ್ಬ ತಿರುಗಿ ಕ್ಯಾಬಿನ್ನಿನ ಕಡೆಗೆ ನುಗ್ಗಿದೆ. ಜನ ಬಿಡಬೇಕಲ್ಲ. ಮಧ್ಯದಲ್ಲಿ ಸಿಕ್ಕಿಹಾಕಿಕೊಂಡು ಬೇಡಿಕೊಂಡೆ, ದಬ್ಬಿದೆ, ಹೇಗೋ ನುಸುಳಿದೆ. ಹಿಂದೆ ಏನೋ ಗುಡುಗಿದ ಹಾಗಾಯಿತು. ಹೆಂಡತಿಯ ಚಿಂತೆಯಲ್ಲಿರುವವನಿಗೆ ಗುಡುಗಿನ ಗೊಡವೆ ಯಾಕೆ?

ಕ್ಯಾಬಿನ್ನಿನಲ್ಲಿ ಕಾಫಿ ಮಾಡುವ ಹೆಂಗಸೊಬ್ಬಳೇ ಇದ್ದಳು. ಎಲ್ಲಿ ನನ್ನ ಹೆಂಡತಿಯ ಫೋನ್ ಎಂದು ಏದುಸಿರು ಬಿಡುತ್ತಾ ಕೇಳಿದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನನ್ನನ್ನು ನೋಡಿದ ನೋಟದಲ್ಲಿ ನಗು ಇರಲಿಲ್ಲ, ಕನಿಕರವಿತ್ತು.

"ಕಾಲಿಂಗ್ ಅಲ್ಲ ಸರ್, ಕಾವಿಂಗ್. ಹಸು ಕರು ಹಾಕುತ್ತದಲ್ಲ, ಹಾಗೆ. ಹಿಮನದಿ ಒಡೆದು ತುಂಡು ಬೀಳುವುದಕ್ಕೆ ಹಾಗೆ ಹೇಳುವುದು."

ಓಡಿ ಹೊರಗೆ ಬಂದೆ. ಹಸು ಕರು ಹಾಕಿ ಆಗಿತ್ತು. ನೀರಿನ ಮೇಲೆ ಅಲೆಗಳು, ಅಲೆಗಳ ಮೇಲೆ ಐಸಿನ ಚೂರುಗಳು, ಎಲ್ಲರ ಮುಖದಲ್ಲಿ ದೇವರನ್ನು ಕಂಡ ಕಳೆ. ಇನ್ನೊಂದು ಬೀಳಬಹುದೇ ಎಂದು ಗೈಡನ್ನು ಕೇಳಿದೆ. ಬೀಳಬಹುದು, ಆದರೆ ನಾವು ಹೊರಡುವ ಸಮಯವಾಯಿತು ಎಂದಳು. ದೋಣಿ ತಿರುಗಿತು. ಆಗ ಬನಿಯನ್ನಿನೊಳಗೆ ಫೋನ್ ಗುರ್ರೆಂದಿತು.

ಐರಿನ್ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದಳು, ಕೈಯಲ್ಲಿ ಚಹಾದ ಕಪ್ಪು. ನಾನು ಕ್ಯಾಮೆರಾವನ್ನು ದೂರ ಹೋಗುತ್ತಿದ್ದ ಗೋಡೆಯ ಕಡೆಗೆ ತಿರುಗಿಸಿದೆ. ಬೆವರಿದ ಮೈಯಿಂದ ಹೊರಬಂದ ಫೋನಿನ ಗಾಜಿನ ತುಂಬಾ ಹಬೆ ಕೂತಿತ್ತು. ಹಾಲಿನ ಹಾಗೆ ಬೆಳ್ಳಗೆ ಕಾಣುತ್ತದೆ ಎಂದಳು. ಸ್ವಲ್ಪ ಮೊದಲು ಬಿತ್ತು ಎಂದೆ. ಅವಳು ಕಪ್ಪನ್ನು ಮೆಟ್ಟಿಲ ಮೇಲೆ ಇಟ್ಟಳು.

"ಪರವಾಗಿಲ್ಲ. ನೀವಾದರೂ ನೋಡಿದಿರಲ್ಲ?"

"ಹ್ಞೂಂ" ಎಂದೆ. ಅದಕ್ಕಿಂತ ಸಮುದ್ರಕ್ಕೆ ಹಾರಿಕೊಳ್ಳುವುದು ಒಳ್ಳೆಯದಿತ್ತು.

ಸುಳ್ಳಿಗೆ ಸಾಕ್ಷಿ ಬೇಕಲ್ಲ. ಜರ್ಮನ್ ಅಜ್ಜಿ ಎಲ್ಲವನ್ನೂ ಶೂಟ್ ಮಾಡಿದ್ದರು. ಕೇಳಿದೆ, ಧಾರಾಳವಾಗಿ ಕಳಿಸಿದರು. ಕಳಿಸುವಾಗ ಯಾಕೋ ತುಟಿ ಕಚ್ಚಿ ನಗುತ್ತಿದ್ದರು. ನೋಡುವಷ್ಟು ತಾಳ್ಮೆ ನನಗಿರಲಿಲ್ಲ, ಪರದೆ ನೋಡಿದರೆ ಹೊಟ್ಟೆ ತೊಳೆಸುತ್ತಿತ್ತು. 'ನೋಡು, ನಾನು ಕಣ್ಣಾರೆ ಕಂಡದ್ದು' ಎಂದು ಬರೆದು ಐರಿನ್‌ಗೆ ದಾಟಿಸಿದೆ. ಅವಳು ಅದನ್ನು ತಾನು ನೋಡುವ ಮೊದಲೇ ಸಂಭ್ರಮದಿಂದ ವಾರ್ಡಿನ ಗ್ರೂಪಿಗೆ ಹಾಕಿದಳು.

ಆ ವಿಡಿಯೋವನ್ನು ನಾನು ನೋಡಿದ್ದು ಜಿಂಜ್‌ನ ಸೋಫಾದ ಮೇಲೆ, ಐರಿನ್ ಪಕ್ಕದಲ್ಲಿ ಕೂತು. ಮೊದಲು ನೀಲಿ ಗೋಡೆ. ಗೋಡೆಯಲ್ಲಿ ಒಂದು ಬಿರುಕು. ಅಷ್ಟರಲ್ಲಿ ಎಡಗಡೆಯಿಂದ ಒಂದು ಕಿತ್ತಳೆ ಬಣ್ಣದ ದೇಹ ನುಗ್ಗಿ ಬಂದು ಸರಿಯಾಗಿ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. "ಎಕ್ಸ್‌ಕ್ಯೂಸ್ ಮಿ, ಮೈ ವೈಫ್ ಈಸ್ ಕಾಲಿಂಗ್!" ಎಂದು ಗೋಳಾಡುತ್ತಾ ಅತ್ತ ತಿರುಗಿ ಇತ್ತ ತಿರುಗಿ ಒದ್ದಾಡುತ್ತದೆ. ಪರದೆಯ ತುಂಬಾ ಕೋಳಿ. ಕೋಳಿಯ ಹಿಂದೆ ಎಲ್ಲೋ ಧಡಾರ್ ಎಂಬ ಸದ್ದು. ದೇಹ ಪಕ್ಕಕ್ಕೆ ಸರಿದಾಗ ಅಲೆಗಳು ಮಾತ್ರ.

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಕಾವಿಂಗ್ ಎಂದದ್ದನ್ನು ಕಾಲಿಂಗ್ ಎಂದುಕೊಂಡು ಓಡಿದೆ, ನೋಡಲೇ ಇಲ್ಲ ಎಂದು ಒಪ್ಪಿಕೊಂಡೆ. ಐರಿನ್ ನನ್ನನ್ನೇ ನೋಡಿದಳು.

"ಊಟಕ್ಕೆ ಬನ್ನಿ ಅಂತ ನಾನು ಗಂಟಲು ಹರಿದುಕೊಂಡರೂ ಈ ಸೋಫಾ ಬಿಟ್ಟು ಏಳುವವರಲ್ಲ ನೀವು. ಅಲ್ಲಿ ನಾನು ಕರೆಯದೇ ಓಡಿದಿರಾ?"

ಅವಳು ವಿಡಿಯೋವನ್ನು ಮತ್ತೆ ಮೊದಲಿಂದ ಹಾಕಿದಳು, ಬಿರುಕಿನವರೆಗೆ ನೋಡಿದಳು, ಕೋಳಿ ಬಂದ ಕೂಡಲೇ ನಿಲ್ಲಿಸಿದಳು. ನಕ್ಕಳೆಂದುಕೊಂಡೆ, ಕಣ್ಣಲ್ಲಿ ನೀರಿತ್ತು.

"ಓಡಿದ್ದು ಓಡಿದಿರಿ. ಸ್ವಲ್ಪ ಬಗ್ಗಿಯಾದರೂ ಓಡಬಹುದಿತ್ತಲ್ಲ. ನನಗೆ ಒಂಚೂರು ಕಾಣುತ್ತಿತ್ತು."

ನಿಜ. ಬಗ್ಗಿ ಓಡಬೇಕಿತ್ತು. ಕಾಲು ಓಡಿತು, ತಲೆ ಓಡಲಿಲ್ಲ.