ಭಾವನ ಬ್ರೇಕಿನೊಳಗಿನ ಗಾಳಿ

ಕಳೆದ ಆಯುಧಪೂಜೆಯ ಹಿಂದಿನ ಭಾನುವಾರ ಬೆಳಿಗ್ಗೆ ಜಯನಗರದ ಮನೆಯೊಂದರ ಮುಂದೆ ಕೊರಿಯರ್‌ನವನೊಬ್ಬ ಎರಡು ಪಾದಗಳ ಹತ್ತಿರ ಸಹಿ ಕೇಳಿದ. ಪಾದಗಳು ಹಳೆಯ ಕಾರೊಂದರ ಅಡಿಯಿಂದ ಹೊರಗೆ ಚಾಚಿಕೊಂಡಿದ್ದವು. ಕೈಯೆಲ್ಲ ಗ್ರೀಸಾಗಿದೆ, ಪೊಟ್ಟಣವನ್ನು ಕಾಂಪೌಂಡಿನ ಮೇಲಿಟ್ಟು ಹೋಗಿ ಎಂದು ಪಾದಗಳು ಹೇಳಿದವು. ಅವನು ಪಾದಗಳಿಗೇ ಥ್ಯಾಂಕ್ಸ್ ಹೇಳಿ ಗಾಡಿ ಹತ್ತಿದ.

ಆ ಪಾದಗಳು ನಮ್ಮ ಭಾವನವು, ಅಂದರೆ ನನ್ನ ಅಕ್ಕನ ಗಂಡನವು. ಆ ಬೀದಿಯಲ್ಲಿ ಅವರ ಮುಖ ನೋಡಿದವರಿಗಿಂತ ಪಾದ ನೋಡಿದವರೇ ಹೆಚ್ಚು. ಹಾಲಿನವರು, ಪೇಪರಿನವರು, ಮೀಟರ್ ಓದುವವರು, ವೋಟು ಕೇಳಲು ಬಂದವರು, ಎಲ್ಲರೂ ವ್ಯವಹರಿಸುವುದು ಪಾದಗಳ ಜೊತೆಗೆ. ಒಮ್ಮೆ ಭಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಮೂಲೆಯ ಅಂಗಡಿಗೆ ಹೋದಾಗ ಅಂಗಡಿಯವರು ಹೊಸದಾಗಿ ಬಾಡಿಗೆಗೆ ಬಂದಿದ್ದೀರಾ ಸಾರ್ ಎಂದು ಕೇಳಿದರಂತೆ! ಇದನ್ನು ಅಕ್ಕ ಹೇಳಿದ್ದು. ಅಂಗಡಿಯವರನ್ನೂ ಕೇಳಿ ಖಚಿತಪಡಿಸಿಕೊಂಡಿದ್ದೇನೆ. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡುವವಳು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ತಿಳಿದುಕೊಳ್ಳದೆ ಬರೆಯುವುದಿಲ್ಲ.

ಮುಖ್ಯ ಸಂಗತಿಯನ್ನು ಮೊದಲೇ ಹೇಳಿಬಿಡಬೇಕೆಂಬುದೂ ನಮ್ಮ ಡೆಸ್ಕಿನ ನಿಯಮ. ಮುಖ್ಯ ಸಂಗತಿ ಇದು: ನನಗೆ ಆ ಕಾರಿನ ಮೇಲೆ ಹೊಟ್ಟೆಕಿಚ್ಚು.

ಕಾರು ನನಗಿಂತ ಹಿರಿಯದು. ಬೆಣ್ಣೆ ಬಣ್ಣ, ಗುಂಡು ದೀಪಗಳು, ಗೇರಿನ ಹಿಡಿ ಸ್ಟೀರಿಂಗಿನ ಪಕ್ಕದಲ್ಲೇ. ಅದನ್ನು ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು, ಆದರೆ ಆ ಸುದ್ದಿಯನ್ನು ಕಾರಿಗೆ ಯಾರೂ ತಿಳಿಸಿಲ್ಲ. ಭಾವ ವಿಮಾ ಕಚೇರಿಯಲ್ಲಿದ್ದವರು. ನೌಕರಿಯ ಕಾಲವೆಲ್ಲ ಅಪಘಾತವಾದ ಗಾಡಿಗಳ ಕ್ಲೇಮು ನೋಡಿಯೇ ಕಳೆದಿದ್ದರಿಂದ ಅವರಿಗೆ ಎಂಜಿನ್ನಿನ ಮೇಲೆ ನಂಬಿಕೆಯಿಲ್ಲ, ಬ್ರೇಕಿನ ಮೇಲೆ ಮಾತ್ರ ಭಕ್ತಿ. ಗಾಡಿ ಹೊರಡದಿದ್ದರೆ ಯಾರೂ ಸಾಯಲ್ಲ, ನಿಲ್ಲದಿದ್ದರೆ ತಾನೇ ಎಂಬುದು ಅವರ ವೇದಾಂತ. ಆದ್ದರಿಂದ ಆ ಕಾರು ಬಹಳ ಚೆನ್ನಾಗಿ ನಿಲ್ಲುತ್ತದೆ. ಹೊರಡುವುದು ಮಾತ್ರ ಅದರ ಮರ್ಜಿ.

ನನ್ನದು ಹೊಸ ಕಾರು. ಕಂತು ಇನ್ನೂ ತೀರಿಲ್ಲ. ಗುಂಡಿ ಒತ್ತಿದರೆ ಹೊರಡುತ್ತದೆ, ಹಿಂದೆ ಬೆಕ್ಕು ಬಂದರೂ ಕೂಗುತ್ತದೆ, ದಾರಿ ಹೇಳುತ್ತದೆ. ಒಮ್ಮೆ ಇವೆರಡೂ ಕಾರುಗಳು ಬನಶಂಕರಿ ಸಿಗ್ನಲ್ಲಿನಲ್ಲಿ ಒಂದರ ಹಿಂದೊಂದು ನಿಂತವು. ಭಾವನ ಕಾರಿನ ಎಡಕ್ಕೆ ಒಂದು ಆಟೊ, ಬಲಕ್ಕೆ ಸ್ಕೂಟರಿನಲ್ಲಿ ಗಂಡ ಹೆಂಡತಿ. ಆಟೊದವರು ತಲೆ ಹೊರಗೆ ಹಾಕಿ ಯಾವ ಮಾಡಲ್ ಸಾರ್ ಎಂದರು. ಸ್ಕೂಟರಿನಾಕೆ ತಮ್ಮ ಮದುವೆಯ ದಿನ ಇಂಥದ್ದೇ ಕಾರಿನಲ್ಲಿ ಬಂದದ್ದನ್ನು ಹೇಳತೊಡಗಿದರು. ಟ್ರಾಫಿಕ್ ಪೊಲೀಸರೇ ಹತ್ತಿರ ಬಂದು ಬಾನೆಟ್ಟಿನ ಮೇಲೆ ಕೈಯಾಡಿಸಿದರು. ದೀಪ ಹಸಿರಾಯಿತು. ಎಲ್ಲರೂ ಮಾತು ಮುಗಿಸುವವರೆಗೂ ಕಾದರು. ಅಷ್ಟರಲ್ಲಿ ಹಿಂದಿನವರೆಲ್ಲ ಹಾರ್ನ್ ಹೊಡೆದರು. ಯಾರಿಗೆ? ನನಗೆ!

ಭಾವ ಕಾರಿಗೆ ಹೊರಗಿನಿಂದ ಸಾಮಾನು ತರಿಸುವುದು ಕಡಿಮೆ, ಮನೆಯಿಂದ ತೆಗೆದುಕೊಂಡು ಹೋಗುವುದು ಹೆಚ್ಚು. ಹಿಂದಿನ ಕಿಟಕಿಗಳಿಗೆ ಅಕ್ಕನ ಹಳೆಯ ರೇಷ್ಮೆ ಸೀರೆಯ ಪರದೆಯಿದೆ. ಇಂಡಿಕೇಟರ್ ಹಾಕಿದರೆ ಮನೆಯ ಹಳೆಯ ಕಾಲಿಂಗ್ ಬೆಲ್ಲಿನ ಹಕ್ಕಿ ಕೂಗುತ್ತದೆ. ಮಳೆಗಾಲದಲ್ಲಿ ಮುಂದಿನ ದೀಪದೊಳಗೆ ನೀರು ಹೋಗುತ್ತಿದೆಯೆಂದು ಅದರ ಸುತ್ತ ಒಂದು ರಬ್ಬರಿನ ಬಳೆ ಕೂರಿಸಿದರು. ಅಳತೆ ಹೇಳಿ ಮಾಡಿಸಿದಂತಿತ್ತು. ಆ ಮಧ್ಯಾಹ್ನ ಮನೆಯಲ್ಲಿ ಕುಕ್ಕರ್ ಕೂಗಲಿಲ್ಲ, ಅಕ್ಕ ಕೂಗಿದಳು.

"ನಿಮ್ಮ ಭಾವನಿಗೆ ಹೇಳೇ, ಅನ್ನ ಬೇಕಾದ್ರೆ ಹೆಡ್‌ಲೈಟಲ್ಲೇ ಮಾಡ್ಕೊಳ್ಳಲಿ ಅಂತ."

ಇಷ್ಟೆಲ್ಲ ಇದ್ದರೂ ನಾನು ಸಹಿಸಿಕೊಂಡಿದ್ದೆ. ಸಹನೆ ಮೀರಿದ್ದು ಅಮ್ಮನ ವಿಷಯದಲ್ಲಿ.

ಅಮ್ಮ ಇರುವುದು ಜೆ.ಪಿ. ನಗರದಲ್ಲಿ, ನನ್ನ ಜೊತೆ. ಹೆಂಗಸರಿಗೆ ಬಸ್ಸು ಉಚಿತವಾದಾಗಿನಿಂದ ಅವಳು ಮನೆಯಲ್ಲಿ ನಿಂತದ್ದೇ ಅಪರೂಪ. ಕೊತ್ತಂಬರಿ ಕಟ್ಟಿಗೆ ಒಂದು ಬಸ್ಸು, ಅದಕ್ಕೆ ಜೊತೆಯಾಗುವ ಪುದೀನಕ್ಕೆ ಇನ್ನೊಂದು ಬಸ್ಸು. ಕೋಣನಕುಂಟೆಯಲ್ಲಿ ಬದನೆಕಾಯಿ ಎಳೆಯದಿದೆ ಎಂದು ಯಾರೋ ಹೇಳಿದರೆ ಚೀಲ ಹಿಡಿದು ಹೊರಟೇಬಿಡುವಳು. ಹೀಗಿದ್ದವಳ ಬಲ ಮಂಡಿ ಕೈಕೊಟ್ಟಿತು. ದೀಪಾವಳಿ ಕಳೆದ ಮೇಲೆ ಆಪರೇಷನ್ ಆಯಿತು.

ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಹೋಗಲು ನಾನು ಹೊಸ ಕಾರು ತಂದಿದ್ದೆ. ಕರೆಯದೆಯೇ ಭಾವನೂ ಬಂದಿದ್ದರು. ಅಮ್ಮ ಗಾಲಿ ಕುರ್ಚಿಯಲ್ಲಿ ಕೂತು ಎರಡೂ ಕಾರುಗಳನ್ನು, ವಧು ನೋಡಲು ಬಂದವರ ಹಾಗೆ, ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಹಳೆಯದರ ಕಡೆ ಕೈ ತೋರಿಸಿದಳು. ಯಾಕೆ ಎಂದು ಕೇಳಿದ್ದಕ್ಕೆ ಕಾರಣ ಕೊಟ್ಟಳು.

"ನಿನ್ನ ಕಾರು ಹತ್ತಿದ ಕೂಡ್ಲೆ ಬೈಯತ್ತೆ ಕಣೇ. ಬೆಲ್ಟು ಹಾಕು, ಬಾಗ್ಲು ಹಾಕು ಅಂತ."

ನಾನು ಖಾಲಿ ಕಾರು ಓಡಿಸಿಕೊಂಡು ಅವರ ಹಿಂದೆ ಹೋದೆ. ಮುಂದಿನ ಕಾರು ಎಷ್ಟು ನಿಧಾನವಾಗಿ ಹೋಗುತ್ತಿತ್ತೆಂದರೆ, ಒಬ್ಬರು ಸೈಕಲ್ಲಿನಲ್ಲಿ ನಮ್ಮಿಬ್ಬರನ್ನೂ ದಾಟಿ ಹೋದರು.

ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆದರೆ ಮಂಡಿಯನ್ನು ದಿನಾ ಮಡಿಚಿ ಚಾಚಿ ಮಾಡಿಸದಿದ್ದರೆ ಅದು ಇದ್ದ ಹಾಗೇ ಬಿಗಿದುಕೊಂಡುಬಿಡುತ್ತದೆ, ಮೊದಲ ಕೆಲವು ವಾರಗಳೇ ಮುಖ್ಯ, ಆಮೇಲೆ ಏನೂ ಮಾಡಲಾಗದು ಎಂದು ಫಿಸಿಯೋಥೆರಪಿಸ್ಟ್ ಎಚ್ಚರಿಸಿದ್ದರು. ಬಸ್ಸು ಹತ್ತಬಹುದೇ ಎಂದು ಅಮ್ಮ ಕೇಳಿದಳು. ಮಂಡಿ ಮಡಿಚಿದರೆ ಹತ್ತಬಹುದು ಎಂದರು. ಅವಳು ತಲೆಯಾಡಿಸಿದಳು. ಮಾರನೆಯ ದಿನದಿಂದ ವ್ಯಾಯಾಮ ಎಂದರೆ ಮುಖ ಗೋಡೆಗೆ ತಿರುಗಿಸತೊಡಗಿದಳು.

ನಾನು ಸುಮ್ಮನಿರುವವಳೇ? ಡೆಸ್ಕಿನಲ್ಲಿ ಪುಟ ಮುಗಿಸುವ ಗಡುವಿಗೆ ಹೆದರದವರಿಲ್ಲ. ಅದೇ ಪದ್ಧತಿಯನ್ನು ಮನೆಯಲ್ಲೂ ತಂದೆ. ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು, ಫೋನಿನಲ್ಲಿ ಅಲಾರಂ. ಅಲಾರಂ ಹೊಡೆದಾಗೆಲ್ಲ ಅಮ್ಮನಿಗೆ ನಿದ್ದೆ ಬರುತ್ತಿತ್ತು. ಬೇಡಿಕೊಂಡೆ, ಗದರಿದೆ, ಬಸ್ಸಿನ ಆಸೆ ತೋರಿಸಿದೆ. ನೋವು ಕಣೇ, ನಾಳೆ ಮಾಡ್ತೀನಿ ಎನ್ನುತ್ತಿದ್ದಳು. ವಾಕರ್ ಹಿಡಿದು, ಬಲಗಾಲನ್ನು ಕೋಲಿನ ಹಾಗೆ ಎಳೆದುಕೊಂಡು, ಬಚ್ಚಲಿಗೆ ಹೋಗಿ ಬರುವುದಷ್ಟೇ ಅವಳ ಪ್ರಪಂಚವಾಯಿತು.

ಒಂದು ಭಾನುವಾರ ಊಟಕ್ಕೆಂದು ಅವಳನ್ನು ಅಕ್ಕನ ಮನೆಗೆ ಕರೆದುಕೊಂಡು ಹೋದೆ. ಅಮ್ಮ ಪೋರ್ಟಿಕೋದಲ್ಲಿ ಕಾಲು ಸ್ಟೂಲಿನ ಮೇಲಿಟ್ಟು ಕೂತಳು. ಭಾವ ಎಂದಿನಂತೆ ಅಡಿಯಲ್ಲಿದ್ದರು. ಬ್ರೇಕಿನ ಪೈಪಿನೊಳಗೆ ಗಾಳಿ ಸೇರಿಕೊಂಡಿದೆಯಂತೆ. ಅದನ್ನು ತೆಗೆಯಲು ಇಬ್ಬರು ಬೇಕು. ಮೇಲೆ ಕೂತವರು ಪೆಡಲ್ ಒತ್ತಿ ಹಿಡಿಯಬೇಕು, ಕೆಳಗಿದ್ದವರು ಚಕ್ರದ ಹತ್ತಿರದ ತಿರುಪು ಸಡಿಲಿಸಿ ಗಾಳಿ ಬಿಡಬೇಕು. ಸದಾ ಒತ್ತುತ್ತಿದ್ದವಳು ಅಕ್ಕ. ಅವಳ ಕೈ ಚಪಾತಿ ಹಿಟ್ಟಿನಲ್ಲಿತ್ತು. ನಾನು ಬರ್ತೀನಿ ಭಾವ ಎಂದು ಎದ್ದೆ. ಇಷ್ಟು ವರ್ಷದಲ್ಲಿ ಆ ಕಾರಿನ ಒಂದು ತಿರುಪನ್ನೂ ಅವರು ನನ್ನ ಕೈಗೆ ಕೊಟ್ಟಿರಲಿಲ್ಲ.

"ನೀನು ಬೇಡಮ್ಮ. ನೀನು ಎಲ್ಲಾ ಅವಸರ ಅವಸರ," ಎಂದಿತು ಕಾರಿನ ತಳ. "ಅತ್ತೆ ಇದ್ದಾರಲ್ಲ, ಅವರು ಬರಲಿ."

ಅತ್ತೆ! ಅಳಿಯನ ಎದುರು ಕುರ್ಚಿಯಲ್ಲಿ ಕೂರಲೂ ಸಂಕೋಚಪಡುತ್ತಿದ್ದವಳು, ಜನ್ಮದಲ್ಲಿ ಡ್ರೈವರ್ ಸೀಟಿನಲ್ಲಿ ಕೂತವಳಲ್ಲ. ನೋವಾಗುತ್ತೆ, ಆಗಲ್ಲ ಎನ್ನುತ್ತಾಳೆಂದು ಕಾದೆ. ಅಮ್ಮ ವಾಕರ್ ಎಳೆದುಕೊಂಡು ಹೊರಟೇಬಿಟ್ಟಳು. ಭಾವ ಹೊರಗೆ ಬಂದು ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದರು. ಅಮ್ಮ ಕೋಲಿನಂಥ ಕಾಲನ್ನು ಒಳಗಿಟ್ಟು ಸ್ಟೀರಿಂಗ್ ಹಿಡಿದು ಕೂತಳು. ಬೀದಿಯ ಕಡೆ ಒಮ್ಮೆ ನೋಡಿದಳು. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಖಾತ್ರಿ ಮಾಡಿಕೊಂಡ ಹಾಗಿತ್ತು.

ಒತ್ತಿ ಅತ್ತೆ, ಎಂದು ಕೆಳಗಿನಿಂದ ಧ್ವನಿ. ಹಿಡೀರಿ. ಬಿಡಿ. ಚಪಾತಿ ಆಗುವವರೆಗೂ ಇದೇ ನಡೆಯಿತು.

ಮುಂದಿನ ಭಾನುವಾರವೂ ಬ್ರೇಕಿನಲ್ಲಿ ಗಾಳಿ. ಅದರ ಮುಂದಿನ ಭಾನುವಾರವೂ. ಆಮೇಲೆ ವಾರದ ನಡುವೆಯೂ ಗಾಳಿ ಸೇರತೊಡಗಿತು. ಅಮ್ಮ ಬೆಳಿಗ್ಗೆಯೇ ಜಡೆ ಹಾಕಿಕೊಂಡು ಸಿದ್ಧಳಾಗುತ್ತಿದ್ದಳು. ನನ್ನ ಕೆಲಸ ಅವಳನ್ನು ಅಲ್ಲಿಗೆ ಮುಟ್ಟಿಸುವುದು. ಇಷ್ಟು ಬೆಲೆಯ ನನ್ನ ಕಾರು, ಭಾವನ ಕಾರಿಗೆ ಅಮ್ಮನನ್ನು ಮುಟ್ಟಿಸುವ ಬಾಡಿಗೆ ಗಾಡಿಯಾಯಿತು! ದಾರಿಯುದ್ದಕ್ಕೂ ಅವಳದು ಅದೇ ಮಾತು. ನಿಮ್ಮ ಭಾವ ಹೇಳಿದ್ರು, ನನ್ನ ಹಾಗೆ ಹದವಾಗಿ ಒತ್ತೋರು ಇಲ್ವಂತೆ. ಮನೆಯಲ್ಲಿ ಅಲಾರಂ ಹೊಡೆದರೆ ಮಾತ್ರ ಈಗಲೂ ನಿದ್ದೆ.

ಇದರ ನಡುವೆ ಭಾವ ಕಾರು ಹೊರಗೆ ತೆಗೆಯುವುದನ್ನೇ ನಿಲ್ಲಿಸಿದರು. ಕಾರಿಗೆ ಸಾಮಾನು ತರಲು ಮೆಟ್ರೋದಲ್ಲಿ ಹೋಗುತ್ತಿದ್ದರು. ಅಕ್ಕನನ್ನು ಕೇಳಿದರೆ, ಡ್ರೈವರ್ ಸೀಟಿನ ಕೆಳಗಿನ ಕಂಬಿಯನ್ನು ಹೊಸದಾಗಿ ಮಾಡಿ ಕೂರಿಸಿದ್ದಾರೆ, ಅದಕ್ಕೆ ಅರದಿಂದ ಒಂದೊಂದೇ ಹಲ್ಲು ಕೊರೆಯುತ್ತಿದ್ದಾರೆ, ಒಮ್ಮೆ ಕಚ್ಚಿಸಿದ ಸೀಟನ್ನು ಹಿಂದಕ್ಕೆ ಸರಿಸಬಾರದಂತೆ, ಅವರ ಹೊಟ್ಟೆಗೂ ಸ್ಟೀರಿಂಗಿಗೂ ನಡುವೆ ಈಗ ಜಾಗವಿಲ್ಲ ಎಂದಳು. ತನ್ನ ಕಾರಿನೊಳಗೆ ತಾನೇ ಹಿಡಿಸದವರನ್ನು ಏನೆಂದು ಕರೆಯುವುದು?

ಆದರೂ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದೇ ಬ್ರೇಕಿನೊಳಗೆ ಇಷ್ಟು ಗಾಳಿ ಎಲ್ಲಿಂದ ಬರುತ್ತದೆ? ನನ್ನ ಕಾರು ಸರ್ವೀಸಿಗೆ ಬಿಟ್ಟಾಗ ಅಲ್ಲಿನ ಮೆಕ್ಯಾನಿಕ್ ಹತ್ತಿರ ವಿಚಾರಿಸಿದೆ. ಸರಿಯಾಗಿ ಏರ್ ತೆಗೆದರೆ ಮತ್ತೆ ಸುಲಭಕ್ಕೆ ಬರುವುದಿಲ್ಲ, ಹೀಗೆ ಪದೇ ಪದೇ ಬರುತ್ತಿದ್ದರೆ ಗಾಡಿ ಮಾಡುವವರಿಗೆ ಕೆಲಸ ಗೊತ್ತಿಲ್ಲ ಎಂದರು. ನಿಜ ಹೇಳುತ್ತೇನೆ, ಅಂಥ ಸಂತೋಷ ನನಗೆ ಬಹಳ ದಿನಗಳಿಂದ ಆಗಿರಲಿಲ್ಲ. ಬ್ರೇಕಿನ ಭಕ್ತರಿಗೆ ಬ್ರೇಕಿನ ಕೆಲಸವೇ ಬರುವುದಿಲ್ಲ! ಇದನ್ನು ಅಮ್ಮನ ಎದುರೇ ಹೇಳಬೇಕೆಂದು ನಿರ್ಧರಿಸಿದೆ.

ಆ ಭಾನುವಾರ ಅಮ್ಮ ಸೀಟಿನಲ್ಲಿ ಕೂತು ಕೆಲಸ ಶುರುವಾದ ಮೇಲೆ ನಾನು ಸದ್ದಿಲ್ಲದೆ ಹಿಂದಿನ ಚಕ್ರದ ಕಡೆ ಹೋದೆ. ನೆಲಕ್ಕೆ ಕೈಯೂರಿ ಬಗ್ಗಿ ನೋಡಿದೆ.

ಭಾವ ಗೋಣಿಚೀಲದ ಮೇಲೆ ಅಂಗಾತ ಮಲಗಿದ್ದರು. ಕೈಯಲ್ಲಿ ಸ್ಪ್ಯಾನರ್ ಇರಲಿಲ್ಲ. ಪಕ್ಕದಲ್ಲಿ ಬ್ರೇಕ್ ಆಯಿಲ್ ಹಿಡಿಯುವ ಬಾಟಲಿ, ಟ್ಯೂಬು ಏನೂ ಇರಲಿಲ್ಲ. ಎರಡೂ ಕೈ ಎದೆಯ ಮೇಲಿದ್ದವು, ಕಣ್ಣು ಮುಚ್ಚಿತ್ತು.

"ಒತ್ತಿ ಅತ್ತೆ," ಎಂದರು. "ಹಿಡೀರಿ. ಹಿಡ್ಕೊಂಡೇ ಇರಿ. ಹಾಂ, ಈಗ ಬಿಡಿ."

"ಹೋಯ್ತೇನ್ರೀ ಗಾಳಿ?" ಅಮ್ಮ ಮೇಲಿನಿಂದ ಕೇಳಿದಳು.

"ಇನ್ನೂ ಸ್ವಲ್ಪ ಇದೆ ಅತ್ತೆ."

ಕಣ್ಣು ಬಿಟ್ಟಾಗ ಅವರಿಗೆ ನಾನು ಕಂಡೆ. ಮತ್ತೆ ಕಣ್ಣು ಮುಚ್ಚಿ, ಒತ್ತಿ ಎಂದರು.

ಎದ್ದು ಮುಂದಕ್ಕೆ ಬಂದು ತೆರೆದ ಬಾಗಿಲಿನಿಂದ ಒಳಗೆ ನೋಡಿದೆ. ಮೊದಲ ವಾರ ಅಷ್ಟು ದೂರವಿದ್ದ ಸೀಟು ಪೆಡಲ್ಲಿನ ಹತ್ತಿರ ಬಂದಿತ್ತು. ಅದರ ಕೆಳಗಿನ ಕಂಬಿಯಲ್ಲಿ ಅರದಿಂದ ಕೊರೆದ ಹಲ್ಲುಗಳು ಸಾಲಾಗಿದ್ದವು, ಹಿಂದಿನವು ಮಂಕಾಗಿ, ಮುಂದಿನವು ಹೊಳೆಯುತ್ತಾ. ಸೀಟಿನ ಮೇಲೆ ಅಮ್ಮ. ಅವಳ ಬಲ ಮಂಡಿ, ಸೀರೆಯೊಳಗೆ, ಮಡಿಚಿತ್ತು. ಒತ್ತಿದಾಗ ಚಾಚಿತು. ಬಿಟ್ಟಾಗ ಮತ್ತೆ ಮಡಿಚಿತು. ಹಣೆಯಲ್ಲಿ ಬೆವರಿತ್ತು. ಅವಳು ನನ್ನ ಕಡೆ ತಿರುಗಲಿಲ್ಲ, ಕೆಲಸದಲ್ಲಿದ್ದಳು.

ಮೆಕ್ಯಾನಿಕ್ ಹೇಳಿದ್ದನ್ನು ನಾನು ಅಲ್ಲಿ ಹೇಳಲಿಲ್ಲ. ಒಳಗೆ ಹೋಗಿ ಅಕ್ಕನ ಜೊತೆ ಹುರುಳಿಕಾಯಿ ಮುರಿದೆ.

ಮೊನ್ನೆ ಭಾನುವಾರ ಭಾವ ಮತ್ತು ಅಕ್ಕ ಮದುವೆಯೊಂದಕ್ಕೆ ಮೈಸೂರಿಗೆ ಹೋಗಿದ್ದರು. ಬೆಳಿಗ್ಗೆ ಅಮ್ಮ ಜಡೆ ಹಾಕಿಕೊಂಡು ಬಂದು ನಿಂತಳು. ಭಾವ ಊರಲ್ಲಿಲ್ಲ ಎಂದೆ. ಕಾರು ಇದೆಯಲ್ಲ ಎಂದಳು. ಜಯನಗರಕ್ಕೆ ಹೋದೆವು. ಪಕ್ಕದ ಮನೆಯವರ ಹತ್ತಿರ ಬೀಗದ ಕೈ ಇಸಿದುಕೊಂಡೆ. ಅಮ್ಮ ವಾಕರನ್ನು ಗೋಡೆಗೆ ಒರಗಿಸಿ, ಬಾಗಿಲು ಹಿಡಿದು, ಸೀಟಿನಲ್ಲಿ ಕೂತಳು. ನಾನು ದುಪಟ್ಟ ಸೊಂಟಕ್ಕೆ ಬಿಗಿದು, ಗೋಣಿಚೀಲ ಹಾಸಿ, ಕಾರಿನಡಿಗೆ ತೂರಿಕೊಂಡು ಅಂಗಾತ ಮಲಗಿದೆ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಯ ಮೇಲಿಟ್ಟುಕೊಂಡೆ.

"ಒತ್ತಮ್ಮ," ಎಂದೆ.

"ತಡಿ," ಎಂದಳು ಅಮ್ಮ. "ಮೊದ್ಲು ಎದ್ದು ಬಂದು ಈ ಸೀಟು ಇನ್ನೊಂದು ಹಲ್ಲು ಮುಂದಕ್ಕೆ ತಳ್ಳು. ಇದು ಸುಲಭ ಆಗೋಗಿದೆ, ಹೋದ್ ವಾರ ಅವರು ಮರ್ತ್ರು."

ಹೊರಗೆ ಬಂದೆ. ಸೀಟಿನ ಬೆನ್ನಿಗೆ ಎರಡೂ ಕೈ ಕೊಟ್ಟು ತಳ್ಳಿದೆ. ಅದು ಒಂದು ಹಲ್ಲು ಮುಂದಕ್ಕೆ ಹೋಗಿ ಕಚ್ಚಿಕೊಂಡಿತು.