ಹಸಿ ಕಸ, ಒಣ ಕಸ, ಗುಟ್ಟಿನ ಕಸ

ನನ್ನ ಅತ್ತೆಗೆ ವರ್ಷಕ್ಕೆ ಹನ್ನೊಂದು ಹುಟ್ಟುಹಬ್ಬ. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ, ಬೇಕಾದರೆ ಸಾಗರ ಪೇಟೆಯ ಅಂಗಡಿಗಳಲ್ಲಿ ವಿಚಾರಿಸಿ! ಸೀರೆ ಅಂಗಡಿಯ ಕಂಪ್ಯೂಟರಿನ ಪ್ರಕಾರ ಅವಳು ಜನವರಿಯಲ್ಲಿ ಹುಟ್ಟಿದ್ದಾಳೆ, ಕನ್ನಡಕದ ಅಂಗಡಿಯ ಪ್ರಕಾರ ಮಾರ್ಚಿನಲ್ಲಿ, ಚಪ್ಪಲಿ ಅಂಗಡಿಯ ಪ್ರಕಾರ ಗಾಂಧಿ ಜಯಂತಿಯ ದಿನ. ಜುಲೈ ತಿಂಗಳೊಂದನ್ನು ಮಾತ್ರ ಖಾಲಿ ಬಿಟ್ಟಿದ್ದಾಳೆ. ಯಾಕೆಂದು ಕೇಳಿದರೆ, "ಆಷಾಢದಲ್ಲಿ ಯಾರಾದ್ರೂ ಹುಟ್ತಾರೇನೇ?" ಎನ್ನುತ್ತಾಳೆ.

ಅತ್ತೆ ಎಂದ ಕೂಡಲೇ ಗಂಡನ ತಾಯಿ ಎಂದುಕೊಂಡು ಖುಷಿಯಿಂದ ಓದಲು ಕೂತವರು ಕ್ಷಮಿಸಬೇಕು. ಇವಳು ನನ್ನ ಅಪ್ಪನ ಅಕ್ಕ. ಗಂಡನ ತಾಯಿಯ ಬಗ್ಗೆ ಬರೆಯುವಷ್ಟು ಎಂಟೆದೆ ನನಗಿಲ್ಲ.

ಹನ್ನೊಂದು ಹುಟ್ಟುಹಬ್ಬಕ್ಕೆ ಹನ್ನೊಂದು ಹೆಸರೂ ಇವೆ. ಬಿಲ್ ಹಾಕುವವರು "ಮೇಡಂ, ಹೆಸರು? ಮೊಬೈಲ್ ನಂಬರ್? ಡೇಟ್ ಆಫ್ ಬರ್ತ್?" ಎಂದು ಕೇಳಿದರೆ ನಾವು ನೀವು ಗಿಣಿಯ ಹಾಗೆ ಒಪ್ಪಿಸಿ ಬರುತ್ತೇವೆ. ಅತ್ತೆಯೂ ಇಲ್ಲ ಅನ್ನುವುದಿಲ್ಲ. ಧಾರಾಳವಾಗಿ ಕೊಡುತ್ತಾಳೆ! ಅದರಲ್ಲಿ ನಂಬರ್ ಒಂದೇ ನಿಜ, ಉಳಿದದ್ದೆಲ್ಲ ಸ್ವಂತ ಸೃಷ್ಟಿ. ಸೀರೆ ಅಂಗಡಿಗೆ ಅವಳು ಶಾರದಾ, ಕನ್ನಡಕದವರಿಗೆ ಗಿರಿಜಾ, ಮಿಕ್ಸಿ ತಂದಲ್ಲಿ ಪದ್ಮಾವತಿ. ಇದೆಲ್ಲ ಎಂತಕ್ಕೆ ಎಂದು ನಾನೂ ಬಹಳ ದಿನ ತಲೆ ಕೆರೆದುಕೊಂಡಿದ್ದೆ. ಒಂದು ದಿನ ನನ್ನೆದುರೇ ಅವಳಿಗೆ ಫೋನ್ ಬಂತು. "ಗಿರಿಜಾ ಮೇಡಂ, ಬೆಂಗಳೂರಲ್ಲಿ ಸೈಟ್ ನೋಡ್ತಾ ಇದೀರಾ?"

ಅತ್ತೆ ಫೋನಿಟ್ಟು ಕೊಡೆ ತೆಗೆದುಕೊಂಡಳು. ಸೀದಾ ಕನ್ನಡಕದ ಅಂಗಡಿ. ಹಿಂದೆ ಹಿಂದೆ ನಾನು, ಮಾನ ಹೋಗುತ್ತದಲ್ಲ ಎಂಬ ಹೆದರಿಕೆಯಲ್ಲಿ.

"ನನ್ನ ನಂಬರು ಸೈಟಿನೋರಿಗೆ ಎಂತಕ್ಕೆ ಕೊಟ್ರಿ?"

"ಅಯ್ಯೋ, ನಾವ್ ಯಾರಿಗೂ ಕೊಟ್ಟಿಲ್ಲಮ್ಮ. ಬೇರೆ ಎಲ್ಲಿಂದಾದ್ರೂ ಹೋಗಿರ್ಬಹುದು."

"ಬೇರೆ ಎಲ್ಲಿಂದ ಹೋಗ್ತದೆ ಮಾರಾಯ? ಈ ಭೂಮಿ ಮೇಲೆ ನಾನು ಗಿರಿಜಾ ಆಗಿರೋದು ನಿನ್ನ ಅಂಗಡೀಲಿ ಮಾತ್ರ!"

ಅಂಗಡಿಯವನು ಪಾಪ, ತನ್ನ ಕನ್ನಡಕವನ್ನೇ ತೆಗೆದು ಒರೆಸಿಕೊಂಡ. ಅವತ್ತಿನಿಂದ ಅತ್ತೆ ಆ ಅಂಗಡಿಯ ಮುಂದೆ ಹೋದರೆ ಅವನು ಎದ್ದು ನಿಲ್ಲುತ್ತಾನೆ.

ಅತ್ತೆಗೆ ಈ ಬುದ್ಧಿ ಮೊಬೈಲ್ ಕಾಲದ್ದಲ್ಲ. ಅವಳು ಕೆಲಸಕ್ಕೆ ಸೇರಿದ್ದು ಸಾಗರದಲ್ಲಿ ಟೆಲಿಫೋನ್ ಆಪರೇಟರ್ ಆಗಿ. ಬೇರೆ ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲ. ಹೊಸನಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮಾತುಗಳು ಇವಳ ಕೈ ದಾಟಿ ಹೋಗಿವೆ. ಯಾರ ಮದುವೆ ಮುರಿಯಿತು, ಯಾರು ಯಾರಿಗೆ ಬೈದರು, ಎಲ್ಲ ಆ ಕಿವಿಗಳಿಗೆ ಬಿದ್ದಿದೆ. ನಾನು ಎಷ್ಟು ಗೋಗರೆದಿದ್ದೇನೆ! "ಒಂದೇ ಒಂದು ಹೇಳೇ ಅತ್ತೆ, ಸತ್ತುಹೋದವರದ್ದಾದರೂ ಹೇಳು" ಎಂದರೆ, "ಕಿವಿಗೆ ಬಿದ್ದಿದ್ದೆಲ್ಲ ಬಾಯಿಗೆ ಬರ್ಬಾರ್ದು" ಎಂದು ಸುಮ್ಮನಾಗುತ್ತಾಳೆ.

ಆ ಕಾಲದ ಒಂದೇ ಒಂದು ವಸ್ತುವನ್ನು ಅವಳು ಮನೆಗೆ ತಂದಿದ್ದಾಳೆ. ಅದು "ಮೂರು ನಿಮಿಷ ಆಯ್ತು" ಎಂಬ ಮಾತು. ಆಗೆಲ್ಲ ಮೂರು ನಿಮಿಷ ಮುಗಿದ ಕೂಡಲೇ ಆಪರೇಟರ್ ನಡುವೆ ಬಂದು ಹೇಳುವ ಕ್ರಮವಿತ್ತು. ಈಗ ಮನೆಗೆ ಬಂದ ನೆಂಟರಿಗೂ ಅದೇ. ಕಾಫಿ ಲೋಟ ಕೆಳಗಿಡುವುದರೊಳಗೆ "ಮೂರು ನಿಮಿಷ ಆಯ್ತು, ಹೊರಡಿ." ದಿನಾ ಸಂಜೆ, ಗಣಿತ ಪಾಠ ಮಾಡುವ ಹೈಸ್ಕೂಲು ಬಿಟ್ಟು ಹೋಗುವಾಗ ನಾನು ಅವಳ ಮನೆಗೆ ಹೊಕ್ಕು ಹೋಗುತ್ತೇನೆ. ನನಗೂ ಅಷ್ಟೇ ರಿಯಾಯಿತಿ!

ಒಮ್ಮೆ ಕೇಳಿದ್ದೆ, "ಯಾರಾದ್ರೂ ಅಳ್ತಾ ಇದ್ರೂ ಹಂಗೇ ಹೇಳ್ತಿದ್ಯಾ ಅತ್ತೆ?"

"ಅಳೋರಿಗೆ ಗಡಿಯಾರ ತೋರಿಸ್ತಾರೇನೇ? ಹೇಳ್ತಿರ್ಲಿಲ್ಲ. ಮೇಲಿನೋರ ಹತ್ರ ಬೈಸ್ಕೊಂಡಿದ್ದೂ ಉಂಟು."

ಇನ್ನು ಕಸದ ಪುರಾಣ. ನಗರಸಭೆಯವರು ಹಸಿ ಕಸ, ಒಣ ಕಸ ಎಂದು ಎರಡು ಬುಟ್ಟಿ ಇಡಲು ಹೇಳಿದರಲ್ಲ, ಅತ್ತೆಯ ಮನೆಯಲ್ಲಿ ಮೂರನೆಯದೊಂದಿದೆ. ಅದಕ್ಕೆ ಗುಟ್ಟಿನ ಕಸ ಎಂದು ಹೆಸರು. ಕೊರಿಯರ್ ಡಬ್ಬದ ಮೇಲಿನ ವಿಳಾಸ, ಬ್ಯಾಂಕಿನ ಕಾಗದ, ಔಷಧಿ ಚೀಟಿ, ಆಧಾರಿನ ಮಸುಕಾದ ಜೆರಾಕ್ಸು, ಹೀಗೆ ಅವಳ ಹೆಸರಿರುವ ಚೂರುಪಾರೆಲ್ಲ ಅದರಲ್ಲಿ. ಮಧ್ಯಾಹ್ನ ಊಟವಾದ ಮೇಲೆ ಕತ್ತರಿ ಹಿಡಿದು ಕೂತರೆ ಬೀನ್ಸ್ ಹೆಚ್ಚಿದ ಹಾಗೆ ಹೆಚ್ಚುತ್ತಾಳೆ.

ಹೆಚ್ಚಿದ ಮೇಲಾದರೂ ಗಾಡಿಗೆ ಹಾಕಬಹುದಲ್ಲ? ಉಹುಂ! "ಯಾರಾದ್ರೂ ಕೂತ್ಕಂಡು ಜೋಡಿಸಿದ್ರೆ?" ಹಾಗಾಗಿ ಒಂದು ಪಾಲು ಮಾತ್ರ ಅವಳ ಓಣಿಯ ಗಾಡಿಗೆ. ಇನ್ನೊಂದು ಪಾಲು ನನ್ನ ಕೈಚೀಲಕ್ಕೆ, ನಮ್ಮ ಓಣಿಯ ಗಾಡಿಗೆ ಹಾಕಲು. ನಾನು ತವರಿಗೆ ಹೊರಟರೆ "ಹೊಸನಗರದ ಪಾಲು" ಎಂದು ಒಂದು ಪೊಟ್ಟಣ ಬೇರೆ. ತಂಗಿಯ ಮನೆಗಾದರೆ ತೀರ್ಥಹಳ್ಳಿಯ ಪಾಲು. ಅವಳ ಒಂದು ಆಧಾರ್ ಜೆರಾಕ್ಸಿನಲ್ಲಿ ಮೂಗು ಸಾಗರದಲ್ಲೂ, ಕಣ್ಣು ಹೊಸನಗರದಲ್ಲೂ, ಕೊನೆಯ ನಾಲ್ಕು ಅಂಕಿಗಳು ತೀರ್ಥಹಳ್ಳಿಯಲ್ಲೂ ಸಮಾಧಿಯಾಗಿವೆ. ಗಣಿತ ಎಂಎಸ್ಸಿ ಮಾಡಿ ಕಸ ಹೊರುವುದಾಯಿತಲ್ಲ ಎಂದು ನಾನು ಗೊಣಗಿದರೆ, "ಭಾಗಾಕಾರ ನಿಂಗೆ ಬರ್ತದಲ್ಲ, ಅದಕ್ಕೇ ಕೊಟ್ಟಿದ್ದು" ಎನ್ನುತ್ತಾಳೆ.

ಗ್ಯಾಸಿನವನ ಕಥೆ ಕೇಳಬೇಕು ನೀವು. ಓಟಿಪಿ ಯಾರಿಗೂ ಹೇಳಬೇಡಿ ಎಂದು ದಿನಾ ಮೆಸೇಜು ಬರುತ್ತದೆ. ಸಿಲಿಂಡರ್ ಹೊತ್ತು ಬಂದವನು ಬಾಗಿಲಲ್ಲಿ ನಿಂತು "ಓಟಿಪಿ ಹೇಳಿ" ಎಂದರೆ ಅತ್ತೆ ಹೇಳುತ್ತಾಳೆಯೇ? ಎರಡು ಸಲ ತುಂಬಿದ ಸಿಲಿಂಡರು ವಾಪಸ್ ಹೋಯಿತು! ಮೂರನೆಯ ಸಲ ಅವನು ಕೈಮುಗಿದ. ಕೊನೆಗೆ ಅವಳೇ ದಾರಿ ಕಂಡುಹಿಡಿದಳು. ಸ್ಲೇಟಿನ ಮೇಲೆ ಬರೆದು ಕಿಟಕಿಯಿಂದ ತೋರಿಸಿ, ಅವನು ಒತ್ತಿ ಮುಗಿಸಿದ ಕೂಡಲೇ ಒರೆಸಿದಳು. "ಹೇಳ್ಬೇಡಿ ಅಂದಿದ್ದಾರೆ. ತೋರಿಸ್ಬೇಡಿ ಅಂತ ಹೇಳಿಲ್ಲ!"

ಇಷ್ಟಾದ ಮೇಲೆ ನನಗೊಂದು ತರಬೇತಿ ಶಿಬಿರ ನಡೆಯಿತು. ಆಸ್ಪತ್ರೆಯಿಂದ ಅಂತ ಸುಳ್ಳೇ ಫೋನ್ ಮಾಡಿ, ನಿಮ್ಮವರು ಬಿದ್ದಿದ್ದಾರೆ ಎಂದು ಹೆದರಿಸಿ ಮೋಸ ಮಾಡುತ್ತಾರೆಂದು ಅವಳು ಎಲ್ಲೋ ಓದಿದ್ದಳು. "ನನ್ನ ಹೆಸರಲ್ಲಿ ಯಾರೇ ಫೋನ್ ಮಾಡ್ಲಿ, ಅಂಥೋರು ಗೊತ್ತಿಲ್ಲ ಅಂತ ಇಟ್ಬಿಡು. ನಿಜವಾಗ್ಲೂ ನಾನೇ ಮಾಡಿಸಿದ್ದಾದ್ರೆ ಗುರುತಿಗೆ ಒಂದು ಮಾತು ಹೇಳಿಸ್ತೀನಿ."

"ಎಂತ ಮಾತು?"

"ಮೂರು ನಿಮಿಷ ಆಯ್ತು."

ನಾನು ನಕ್ಕೆ. ಅವಳು ನಗಲಿಲ್ಲ. ನನ್ನಿಂದ ಮೂರು ಸಲ ಹೇಳಿಸಿ ಬಾಯಿಪಾಠ ಮಾಡಿಸಿದಳು.

ಹೋದ ಮಳೆಗಾಲ ಹತ್ತನೆಯ ಕ್ಲಾಸಿಗೆ ಪಾಠ ಮಾಡುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್. ಹೆಂಗಸಿನ ದನಿ. "ಹಲೋ, ಕಸದ ಗಾಡಿಯವ್ರಾ?"

"ರಾಂಗ್ ನಂಬರ್" ಎಂದು ಇಟ್ಟೆ. ಮತ್ತೆ ಬಂತು.

"ನಾವು ಆಸ್ಪತ್ರೆಯಿಂದ ಮಾತಾಡ್ತಿರೋದು. ವಯಸ್ಸಾದ ಅಮ್ಮ ಒಬ್ರು ಬಸ್ ಸ್ಟ್ಯಾಂಡ್ ಹತ್ರ ಜಾರಿ ಬಿದ್ದಿದ್ದಾರೆ. ಶುಗರ್ ಪೂರಾ ಇಳಿದಿದೆ, ಸರಿ ಮಾತಾಡ್ತಿಲ್ಲ. ಯಾವ ಮಾತ್ರೆ ತಗೊಳ್ತಾರೆ ಅಂತ ಡಾಕ್ಟ್ರಿಗೆ ಗೊತ್ತಾಗ್ಬೇಕಿತ್ತು. ನಿಮಗೆ ಗೊತ್ತಿರೋರಾ?"

ಆಸ್ಪತ್ರೆ! ಅತ್ತೆಯ ಪಾಠದ ಮೊದಲ ಸಾಲೇ ಅದು. "ಅಂಥೋರು ಯಾರೂ ನಂಗೆ ಗೊತ್ತಿಲ್ಲ" ಎಂದು ಖಡಾಖಂಡಿತವಾಗಿ ಹೇಳಿ ಇಟ್ಟೆ. ಸಂಜೆ ಹೋಗಿ ಹೇಳಿದರೆ ಅತ್ತೆ ಬೆನ್ನು ತಟ್ಟುತ್ತಾಳೆ ಎಂದು ಒಳಗೊಳಗೇ ಹಿಗ್ಗಿದೆ ಕೂಡಾ. ಮೂರನೆಯ ಸಲ ಫೋನ್ ಬಂದಾಗ ಸಿಟ್ಟೇ ಬಂತು.

"ದಯವಿಟ್ಟು ಕಟ್ ಮಾಡ್ಬೇಡಿ ಮೇಡಂ! ಈ ಅಮ್ಮ ಒಂದೇ ಸಮ 'ಮೂರು ನಿಮಿಷ ಆಯ್ತು, ಮೂರು ನಿಮಿಷ ಆಯ್ತು' ಅಂತಿದ್ದಾರೆ. ತಲೆಗೆ ಪೆಟ್ಟಾಗಿದೆಯಾ ಅಂತ ನಮಗೆ ಹೆದರಿಕೆ. ನಿಮಗೇನಾದ್ರೂ ಅರ್ಥ ಆಗ್ತದಾ?"

ನನ್ನ ಕೈಯಿಂದ ಸೀಮೆಸುಣ್ಣ ಬಿತ್ತು. ಮಾತ್ರೆಯ ಹೆಸರು ಹೇಗೆ ಹೇಳಿದೆನೋ, ಆಟೋ ಹೇಗೆ ಹತ್ತಿದೆನೋ ನೆನಪಿಲ್ಲ. ಎರಡು ಸಲ ನಾನು ಫೋನ್ ಇಟ್ಟಿದ್ದೆ, ಅವಳನ್ನು ಗೊತ್ತಿಲ್ಲ ಎಂದಿದ್ದೆ. ದಾರಿಯುದ್ದಕ್ಕೂ ಅದೊಂದೇ ತಲೆಯಲ್ಲಿ ಕುಟ್ಟುತ್ತಿತ್ತು.

ನಾನು ಆಸ್ಪತ್ರೆ ಮುಟ್ಟುವಾಗ ಅತ್ತೆಗೆ ಗ್ಲೂಕೋಸ್ ಹಾಕಿ ಆಗಿತ್ತು. ಎಡಗೈ ಮಣಿಕಟ್ಟಿಗೆ ಪಟ್ಟಿ, ಮುಖದ ತುಂಬ ಅಸಮಾಧಾನ. ಅಂದರೆ ಹುಷಾರಾಗಿದ್ದಾಳೆ ಎಂದರ್ಥ! ಸಿಸ್ಟರ್ ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದರು. "ಎಂಥ ಫೋನ್ ಮೇಡಂ ಇದು! ಬಿದ್ದ ಏಟಿಗೆ ಅದ್ರಲ್ಲಿ ಮಾತು ಕೇಳಿಸ್ತಿರ್ಲಿಲ್ಲ, ನಂಬರ್ ನೋಡ್ಕೊಂಡು ನಮ್ಮ ಫೋನಿಂದ ಮಾಡಿದ್ವಿ. ಮೊದ್ಲು 'ಮಗ' ಅಂತ ಇರೋದಕ್ಕೆ ಮಾಡಿ, ನಿಮ್ಮ ತಾಯಿ ಇಲ್ಲಿದ್ದಾರೆ ಬನ್ನಿ ಅಂದೆ. ಅದು ಪೊಲೀಸ್ ಸ್ಟೇಷನ್! ಅವ್ರು, ನಮ್ಮಮ್ಮ ಊರಲ್ಲಿದ್ದಾರಲ್ರೀ ಅಂತ ಗಾಬರಿಯಾದ್ರು."

ಅತ್ತೆಗೆ ಮಗನೂ ಇಲ್ಲ, ಮದುವೆಯೂ ಆಗಿಲ್ಲ. ಫೋನ್ ಕದ್ದವನು ಮಗನಿಗೆ ಮಾಡಿ ಹೆದರಿಸಲು ಹೋದರೆ ಪೊಲೀಸರ ಕೈಗೇ ಬೀಳಲಿ ಎಂಬ ಏರ್ಪಾಡು ಅದು. ಫೋನಿಗೆ ಲಾಕ್ ಹಾಕದೆ ಬಿಟ್ಟಿದ್ದೂ ಅದಕ್ಕೇ.

"ಆಮೇಲೆ ನೋಡಿದ್ರೆ, ದಿನಾ ಫೋನ್ ಹೋಗಿರೋದು 'ಕಸದ ಗಾಡಿ'ಗೆ ಮಾತ್ರ. ಅದಕ್ಕೇ ನಿಮಗೆ ಮಾಡಿದ್ದು."

ನನಗೆ ಕೆಟ್ಟ ಸಿಟ್ಟು ಬಂತು. ಇಷ್ಟು ವರ್ಷ ಹೊತ್ತಿದ್ದಕ್ಕೆ ಇದಾ ಬಿರುದು? "ನಾನು ನಿಂಗೆ ಕಸದ ಗಾಡಿಯಾ ಅತ್ತೆ?"

ಅವಳು ಕಣ್ಣು ಬಿಟ್ಟು ನೋಡಿದಳು. "ಮತ್ತೆಂತ ಅಂತ ಬರೀಲಿ ಮಾರಾಯ್ತಿ? ಮಳೆ ಬರ್ಲಿ, ಹಬ್ಬ ಇರ್ಲಿ, ದಿನಾ ನನ್ನ ಬಾಗಿಲಿಗೆ ತಪ್ಪದೆ ಬರೋದು ಅದೂ ನೀನೂ ಇಬ್ರೇ."

ಅಷ್ಟರಲ್ಲಿ ಸಿಸ್ಟರ್ ಫಾರಂ ಹಿಡಿದು ಬಂದರು. ಅತ್ತೆ ಯಾವ ಹೆಸರು ಹೇಳುತ್ತಾಳೋ, ಶಾರದೆಯೋ ಪದ್ಮಾವತಿಯೋ ಎಂದು ನಾನು ಉಸಿರು ಬಿಗಿಹಿಡಿದೆ. ಅವಳು ತನ್ನ ನಿಜವಾದ ಹೆಸರನ್ನೇ ಹೇಳಿದಳು. ಹುಟ್ಟಿದ ದಿನ ಕೇಳಿದರು. ಅದನ್ನೂ ಹೇಳಿದಳು. ಆ ಹನ್ನೊಂದರಲ್ಲಿ ಯಾವುದೂ ಅಲ್ಲ. ಜುಲೈ! ಆಷಾಢದಲ್ಲಿ ಹುಟ್ಟಿದವಳು ಇವಳೇ!

"ಇವ್ರು ನಿಮಗೆ ಏನಾಗ್ಬೇಕು?" ಎಂದು ಸಿಸ್ಟರ್ ನನ್ನತ್ತ ಪೆನ್ನು ತೋರಿಸಿದರು.

ತಮ್ಮನ ಮಗಳು ಎನ್ನಲು ನಾನು ಬಾಯಿ ತೆರೆದಿದ್ದೆ.

"ಮಗಳು ಅಂತ ಬರ್ಕೊಳ್ಳಿ" ಎಂದಳು ಅತ್ತೆ.

ನಾನು ತಿದ್ದಲಿಲ್ಲ. ಕೆಳಗೆ ಸಹಿ ಹಾಕಿದೆ.

ನಾಲ್ಕು ದಿನದಲ್ಲಿ ಮನೆಗೆ ಬಂದಳು. ಮಾರನೆಯ ದಿನ ಸಂಜೆ ನಾನು ಹೋಗುವಷ್ಟರಲ್ಲಿ, ಆಸ್ಪತ್ರೆ ಕಾಗದದಲ್ಲಿ ತನಗೆ ಬೇಕಾದ ಔಷಧಿ ಚೀಟಿಯೊಂದನ್ನು ಉಳಿಸಿಕೊಂಡು, ಮಿಕ್ಕಿದ್ದನ್ನೆಲ್ಲ ಬಲಗೈಯೊಂದರಲ್ಲೇ ಹೆಚ್ಚಿ ಮುಗಿಸಿದ್ದಳು. ಆ ಫಾರಮ್ಮಿನ ಜೆರಾಕ್ಸೂ ಅದರಲ್ಲಿತ್ತು. ಪೊಟ್ಟಣ ನನ್ನ ಕೈಗೆ ಕೊಟ್ಟಳು. "ಹೊಸನಗರದ ಪಾಲು. ನಾಳೆ ಹೋಗ್ತೀಯಲ್ಲ?"

ನಾನು ಅಲ್ಲೇ ಜಗಲಿಯ ಮೇಲೆ ಕೂತು ಪೊಟ್ಟಣ ಬಿಚ್ಚಿದೆ. ಅವಳ ಹೆಸರಿನ ಚೂರು ಸಿಕ್ಕಿತು. ಜುಲೈಯ ಚೂರೂ ಸಿಕ್ಕಿತು. ಮತ್ತೆ ಮತ್ತೆ ಕೆದಕಿದೆ.

"ಎಂತ ಹುಡುಕ್ತಿದ್ದೀಯೆ?"

"ಮಗಳು ಅಂತ ಬರೆದಿದ್ದು."

"ಅದು ಇದ್ರಲ್ಲಿ ಎಂತಕ್ಕೆ ಇರ್ತದೆ?" ಎಂದಳು ಅತ್ತೆ. ಅವಳ ಕೈಯಲ್ಲಿದ್ದ ಫೋನಿನ ಪಾರದರ್ಶಕ ಕವರಿನೊಳಗೆ ಉದ್ದಕ್ಕೆ ನೀಟಾಗಿ ಕತ್ತರಿಸಿದ ಒಂದು ಕಾಗದದ ಪಟ್ಟಿ ಕಾಣುತ್ತಿತ್ತು. "ಅದು ಕಸ ಅಲ್ಲ."

ಚೂರುಗಳನ್ನು ಮಡಿಲಲ್ಲಿ ಹಾಕಿಕೊಂಡು ನಾನು ಅಳುತ್ತಾ ಕೂತೆ. ಅತ್ತೆ ಎದುರಿನ ಗೋಡೆಯ ಗಡಿಯಾರ ನೋಡಿದಳು. ಮೂರು ನಿಮಿಷ ಆಗಿ ಬಹಳ ಹೊತ್ತಾಗಿತ್ತು. ಅವಳು ಹೇಳಲಿಲ್ಲ.