ಮುಕ್ತದ್ವಾರ ಮಂಡಳಿಯ ಲಿಫ್ಟ್ ಸುಸ್ಥಿತಿಯಲ್ಲಿದೆ

ಮುಕ್ತದ್ವಾರ ಮಂಡಳಿಯ ಕಟ್ಟಡದಲ್ಲಿ ಒಂದು ಲಿಫ್ಟ್ ಇದೆಯೆಂದೂ, ಅದು ಸುಸ್ಥಿತಿಯಲ್ಲಿದೆಯೆಂದೂ ಸಮಸ್ತರಿಗೂ ಈ ಮೂಲಕ ತಿಳಿಯಪಡಿಸಲಾಗಿದೆ. ಒಳಗೆ ಜನ ಇದ್ದಾರೆ ಎಂಬುದು ಬೇರೆ ವಿಷಯ. ಮಂಡಳಿಯ ಪ್ರಕಟಣೆಗಳನ್ನು ಬರೆಯುವವನು ನಾನೇ. ಊರೆಲ್ಲ ಹಬ್ಬಿರುವ ಇಲ್ಲಸಲ್ಲದ ಮಾತುಗಳಿಗೆ ಉತ್ತರವಾಗಿ, ನಡೆದದ್ದನ್ನು ನಡೆದ ಹಾಗೆ ಬರೆಯಬೇಕೆಂದು ನನಗೆ ಆದೇಶವಾಗಿದೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

ಮುಕ್ತದ್ವಾರ ಅನ್ನುವುದು ಕಂಪ್ಯೂಟರುಗಳನ್ನು ನಡೆಸುವ ಒಂದು ವ್ಯವಸ್ಥೆ. ಅದರ ಒಳತಿರುಳಿಗೆ ಕರ್ನಲ್ ಎನ್ನುತ್ತಾರೆ. ಹೆಸರಿಗೆ ತಕ್ಕ ಹಾಗೆ ಎಲ್ಲವೂ ಮುಕ್ತ. ಅದರ ಒಂದೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ತಿದ್ದಬಹುದು, ಕಾಸು ಕೊಡದೆ ಬಳಸಬಹುದು. ತಿದ್ದಿದ್ದನ್ನು ಒಪ್ಪುವವರು ಮಾತ್ರ ಒಬ್ಬರೇ. ಕರ್ನಲ್ಲಿನ ಬೀಗಗಳ ಮಟ್ಟಿಗೆ ಆ ಒಬ್ಬರು ಬೀಗ ವಿಭಾಗದ ಪಾಲಕರು. ಎದುರಿಗೆ ಎಲ್ಲರೂ ಅವರನ್ನು ಸರ್ ಅನ್ನುತ್ತೇವೆ, ಬೆನ್ನ ಹಿಂದೆ ಬೀಗಪ್ಪ ಅನ್ನುತ್ತೇವೆ.

ಬೀಗವೆಂದರೆ ಏನು ಎಂದು ಸಾರ್ವಜನಿಕರು ಕೇಳುತ್ತಾರೆ. ಕರ್ನಲ್ಲಿನಲ್ಲಿ ನೂರಾರು ಕೆಲಸಗಳು ಒಟ್ಟೊಟ್ಟಿಗೆ ನಡೆಯುತ್ತವೆ. ಒಂದೇ ವಸ್ತುವಿಗೆ ಇಬ್ಬರು ಕೈ ಹಾಕಿ ಕೆಡಿಸಬಾರದೆಂದು, ಕೈ ಹಾಕುವ ಮೊದಲು ಆ ವಸ್ತುವಿನ ಬೀಗ ಹಿಡಿಯಬೇಕು, ಮುಗಿದ ಮೇಲೆ ಬಿಡಬೇಕು. ಇಷ್ಟೇ. ತೊಂದರೆ ಎಲ್ಲಿ ಅಂದರೆ, ನಮ್ಮ ಮನೆಯಲ್ಲಿ ನನ್ನ ಇಬ್ಬರು ತಮ್ಮಂದಿರು ಬೆಳಿಗ್ಗೆ ಬಚ್ಚಲ ಮುಂದೆ ನಿಲ್ಲುವಲ್ಲಿ. ಒಬ್ಬನ ಕೈಯಲ್ಲಿ ಸೋಪು, ಇನ್ನೊಬ್ಬನ ಕೈಯಲ್ಲಿ ಬಕೆಟ್ಟು. ನೀನು ಬಕೆಟ್ ಕೊಡೋ ತನಕ ಸೋಪು ಬಿಡಲ್ಲ ಅಂತ ಇವನು, ನೀನು ಸೋಪು ಕೊಡೋ ತನಕ ಬಕೆಟ್ ಬಿಡಲ್ಲ ಅಂತ ಅವನು. ಇಬ್ಬರೂ ಟವೆಲು ಸುತ್ತಿಕೊಂಡು ನಿಂತೇ ಇರುತ್ತಾರೆ. ನಮ್ಮಮ್ಮ ಬಂದು ಇಬ್ಬರ ಬೆನ್ನಿಗೂ ಒಂದೊಂದು ಬಿಟ್ಟರೆ ಸರಿಹೋಗುತ್ತದೆ. ಕರ್ನಲ್ಲಿಗೆ ಅಮ್ಮ ಇಲ್ಲ.

ಊರಿಗೆಲ್ಲ ಬಡಿಸುವ ಅಡಿಗೆಯನ್ನು ಮೊದಲು ನಾವೇ ಉಣ್ಣಬೇಕೆಂಬ ತತ್ತ್ವದಂತೆ, ಕಟ್ಟಡದ ಲಿಫ್ಟನ್ನೂ ಮುಕ್ತದ್ವಾರವೇ ನಡೆಸುತ್ತದೆ. ಬಾಗಿಲು ತೆರೆಯುವ ಭಾಗವು ಬಾಗಿಲಿನ ಬೀಗ ಹಿಡಿದು, ಮೋಟಾರು ನಿಂತಿದೆಯೇ ನೋಡಲು ಮೋಟಾರಿನ ಬೀಗ ಕೇಳುತ್ತದೆ. ಮೋಟಾರು ನಡೆಸುವ ಭಾಗವು ಮೋಟಾರಿನ ಬೀಗ ಹಿಡಿದು, ಬಾಗಿಲು ಮುಚ್ಚಿದೆಯೇ ನೋಡಲು ಬಾಗಿಲಿನ ಬೀಗ ಕೇಳುತ್ತದೆ. ಎರಡೂ ಒಂದೇ ಕ್ಷಣದಲ್ಲಿ ಹೊರಟರೆ ಸೋಪು ಬಕೆಟ್ಟಿನ ಕತೆಯೇ. ಲಿಫ್ಟ್ ನಡುಮಧ್ಯೆ ನಿಲ್ಲುತ್ತದೆ. ವರ್ಷಕ್ಕೆ ಒಂದು ಸಲವೋ ಎರಡು ಸಲವೋ, ಅಷ್ಟೇ.

ಇದನ್ನು ಕಂಡುಹಿಡಿದವಳು ಹೊಸಬಳು. ಅವಳು ಮಂಡಳಿಗೆ ಬಂದು ಒಂಬತ್ತು ವರ್ಷವಾಯಿತು. ಆದರೆ ಒಂದು ತೇಪೆಯಾದರೂ ಒಪ್ಪಿತವಾಗುವ ತನಕ ಎಂಥವರನ್ನೂ ಹೊಸಬರೆಂದೇ ಕರೆಯತಕ್ಕದ್ದು ಎಂಬ ನಿಯಮವಿದೆ. ತೇಪೆ ಅಂದರೆ ದೋಷಕ್ಕೆ ಹಚ್ಚುವ ತಿದ್ದುಪಡಿ. ಅವಳದು ಎರಡೇ ಸಾಲಿನ ಅದಲುಬದಲು: ಇಬ್ಬರೂ ಮೊದಲು ಬಾಗಿಲಿನ ಬೀಗವನ್ನೇ ಕೇಳಲಿ, ಸಿಕ್ಕವನು ಮುಂದೆ ಹೋಗಲಿ, ಸಿಗದವನು ಬರಿಗೈಲಿ ಕಾಯಲಿ. ಪ್ರತಿ ವರ್ಷವೂ ಅವಳು ಅದನ್ನು ಕಳಿಸುತ್ತಾಳೆ. ಪ್ರತಿ ವರ್ಷವೂ ಬೀಗಪ್ಪನವರು "ನನ್ನಲ್ಲಿ ಸರಿಯಾಗೇ ಇದೆ" ಎಂದು ಉತ್ತರಿಸಿ ಮುಚ್ಚುತ್ತಾರೆ. ಅವರ ಮಾತು ಸುಳ್ಳಲ್ಲ. ಡಾಕ್ಟರು ಹೇಳಿದ್ದಾರೆಂದು ಅವರು ಲಿಫ್ಟ್ ಹತ್ತುವುದೇ ಇಲ್ಲ, ಮೆಟ್ಟಿಲಲ್ಲೇ ಬರುತ್ತಾರೆ. ಪಾಲಕರ ಅನುಭವಕ್ಕೆ ಬಾರದ ದೋಷವು ದೋಷವೆನಿಸತಕ್ಕದ್ದಲ್ಲ ಎಂದು ನಿಯಮ ಸ್ಪಷ್ಟವಾಗಿದೆ.

ಹೀಗಿರುವಾಗ ಅವರ ಮಗಳಿಗೆ ದಿನ ತುಂಬಿತು. ಮೊದಲ ಹೆರಿಗೆ. ಗಂಡ ಹೆಂಡತಿ ಇಬ್ಬರೂ ಸಂಜೆ ನಾಲ್ಕರ ರೈಲಿಗೆ ಮಗಳ ಊರಿಗೆ ಹೊರಟರು. ಹೊರಟವರು ನೆಟ್ಟಗೆ ಸ್ಟೇಷನ್ನಿಗೆ ಹೋಗಬೇಕೋ ಬೇಡವೋ? "ಒಂದೇ ಒಂದು ಮೇಲ್ ಕಳಿಸಿ ಬಂದೆ" ಅಂತ ಬೀಗಪ್ಪನವರು ಟ್ಯಾಕ್ಸಿ ನಿಲ್ಲಿಸಿ, ಹೆಂಡತಿಯನ್ನು ಅದರಲ್ಲೇ ಕೂರಿಸಿ, ನಾಲ್ಕನೇ ಮಹಡಿಯ ತಮ್ಮ ಕೋಣೆಗೆ ಹೊರಟರು. ಕೈಯಲ್ಲಿ ಮಗುವಿನ ಬಟ್ಟೆಯ ಸೂಟ್‌ಕೇಸು. ಭಾರವಿತ್ತೆಂದು ಜೀವಮಾನದಲ್ಲಿ ಮೊದಲ ಸಲ ಲಿಫ್ಟ್ ಹತ್ತಿದರು. ಮೂರು ಮತ್ತು ನಾಲ್ಕರ ನಡುವೆ ಅದು ನಿಂತಿತು.

ಹೊಸಬಳು ಓಡಿ ಬಂದಳು. "ಸರ್, ಗಾಬರಿ ಆಗ್ಬೇಡಿ! ಈಗಲೇ ಆಫ್ ಮಾಡಿ ಆನ್ ಮಾಡಿ ರೀಬೂಟ್ ಮಾಡಿಸ್ತೀನಿ!"

"ಯಾರಾದ್ರೂ ರೀಬೂಟ್ ಅಂದ್ರೆ ಕೈ ಮುರಿದೇನು!" ಒಳಗಿನಿಂದ ಬೀಗಪ್ಪನವರ ದನಿ ಗುಡುಗಿತು. "ಇಷ್ಟು ವರ್ಷಕ್ಕೆ ದೋಷ ಜೀವಂತ ಸಿಕ್ಕಿದೆ. ಹಾಗೇ ಇರಲಿ. ಯಾವ ಬೀಗ ಯಾರ ಕೈಲಿದೆ ನೋಡ್ಬೇಕು."

"ನಂಗೆ ಗೊತ್ತು ಸರ್, ಒಂಬತ್ತು ವರ್ಷದಿಂದ ಹೇಳ್ತಾ ಇದ್ದೀನಲ್ಲ. ತೇಪೆನೂ ಇದೆ. ಒಪ್ಪಿಬಿಡಿ."

"ಒಪ್ಪೋದು ಹೇಗಮ್ಮಾ? ನನ್ನ ಸಹಿ ನನ್ನ ಕೋಣೆಯ ಕಂಪ್ಯೂಟರಲ್ಲಿದೆ."

ವಿಷಯ ತಕ್ಷಣವೇ ಸಭೆಗೆ ಬಂತು. ಪಾಲಕರು ಗೈರಾದಾಗ ಉಪಪಾಲಕರು ಒಪ್ಪಬಹುದು ಎಂದು ನಿಯಮ. ಆದರೆ ಪಾಲಕರು ಗೈರಾಗಿರಲಿಲ್ಲ. ಕಟ್ಟಡದೊಳಗೇ ಇದ್ದರು, ಅವರ ದನಿ ಎಲ್ಲರಿಗೂ ಕೇಳಿಸುತ್ತಿತ್ತು. "ಸಾಹೇಬರು ಇಷ್ಟು ಚೆನ್ನಾಗಿ ಬೈತಿರುವಾಗ ಅವರು ಇಲ್ಲ ಅಂತ ನಾನು ಹೇಗೆ ಬರೆದುಕೊಡಲಿ?" ಎಂದು ಉಪಪಾಲಕರು ಕೈ ಮುಗಿದರು. ಅವರಿಗೆ ಬೀಗದ ಬಗ್ಗೆ ಏನೂ ತಿಳಿಯದು. ತಲೆಗೆ ಬರುವಂಥದ್ದರಿಂದ ತಲೆ ತಪ್ಪಿಸಿಕೊಳ್ಳುವುದು ಮಾತ್ರ ಚೆನ್ನಾಗಿ ತಿಳಿದಿದೆ. ತೇಪೆ ಒಪ್ಪುವ ತನಕ ಪಾಲಕರು ಹೊರಬರುವಂತಿಲ್ಲ, ಪಾಲಕರು ಹೊರಬರುವ ತನಕ ತೇಪೆ ಒಪ್ಪುವಂತಿಲ್ಲ ಎಂದು ನಿರ್ಣಯವಾಯಿತು. ನಾನು ಪ್ರಕಟಣೆ ಬರೆದು ಅಂಟಿಸಿದೆ: "ಲಿಫ್ಟ್ ಬಳಸುವವರು ಮೆಟ್ಟಿಲು ಬಳಸತಕ್ಕದ್ದು. ಮೆಟ್ಟಿಲು ಬಳಸುವವರು ಎಂದಿನಂತೆ ಬಳಸತಕ್ಕದ್ದು."

ಅಷ್ಟರಲ್ಲಿ ಟ್ಯಾಕ್ಸಿಯಲ್ಲಿ ಕಾದು ಕಾದು ಸಾಕಾದ ಅಮ್ಮಾವ್ರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಬೀಗಪ್ಪನವರ ಹೆಂಡತಿಯನ್ನು ನಾವೆಲ್ಲ ಹಾಗೇ ಕರೆಯುವುದು.

"ಏನ್ರೀ, ಒಳಗೇನು ಮಾಡ್ತಿದ್ದೀರಿ?"

"ಸಿಕ್ಕಿಬಿತ್ತು ಕಣೇ!" ದನಿಯಲ್ಲಿ ಮದುವೆಯ ದಿನವೂ ಇರದಿದ್ದ ಸಂತೋಷ.

"ಯಾರು, ನೀವಾ?"

"ನಾನಲ್ಲ, ದೋಷ!"

"ನಿಮ್ಮ ದೋಷಕ್ಕಿಷ್ಟು ಬೆಂಕಿ ಹಾಕ. ರೈಲಿಗೆ ಹೊತ್ತಾಯ್ತು. ಅಲ್ಲಿ ಮಗಳು ಒಬ್ಬಳೇ ನೋವು ತಿಂತಿದ್ದಾಳೆ."

"ರೈಲು ನಾಳೆನೂ ಬರುತ್ತೆ ಕಣೇ. ಇದು ಬರಲ್ಲ."

"ಮತ್ತೆ ಮೊಮ್ಮಗು?"

"ಅದೇನು ಓಡಿ ಹೋಗುತ್ತಾ? ಇರುತ್ತಲ್ಲ," ಎಂದು ಲಿಫ್ಟಿನೊಳಗಿಂದ ದನಿ ಬಂತು.

ಅಮ್ಮಾವ್ರು ನನ್ನ ಕಡೆ ತಿರುಗಿದರು. "ಏನಪ್ಪಾ, ಈ ಹಾಳಾದ್ದಕ್ಕೆ ಒಂದು ಸ್ವಿಚ್ಚು ಅಂತ ಇಲ್ವಾ?"

ಸಾರ್ವಜನಿಕರು ಕೇಳಿದ ಮಾಹಿತಿಯನ್ನು ಕೊಡುವುದು ನನ್ನ ಕರ್ತವ್ಯ. "ಇದೆ ಅಮ್ಮಾ. ಕೆಳಗೆ ವಾಚ್‌ಮನ್ ಕುರ್ಚಿ ಹಿಂದೆ, ಕೆಂಪು ಬಣ್ಣದ್ದು," ಅಂದೆ. ಅವರು ಸರಸರ ಇಳಿದು ಹೋದರು. ಆಮೇಲೆ ನಡೆದದ್ದನ್ನು ಮಂಡಳಿಯು ಅತೀವ ವಿಷಾದದಿಂದ ದಾಖಲಿಸುತ್ತದೆ. ಲಿಫ್ಟ್ ಸರಿಯಾಯಿತು.

ಬಾಗಿಲು ತೆರೆದಾಗ ಬೀಗಪ್ಪನವರು ಸೂಟ್‌ಕೇಸಿನ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಇದ್ದ ಸಾಕ್ಷಿಯೆಲ್ಲ ಅಳಿಸಿಹೋಗಿತ್ತು. ಪಾಪ, ನೋಡಲಾಗಲಿಲ್ಲ. ಹೊಸಬಳು ಸಮಯ ಸಂದರ್ಭ ನೋಡದೆ ತೇಪೆ ಮುಂದೆ ಹಿಡಿದಳು. "ಸರ್, ಈಗ ಹೊರಗೆ ಬಂದ್ರಲ್ಲ, ಒಪ್ಪಿ."

"ಯಾವ ದೋಷಕ್ಕೆ?"

"ಅಯ್ಯೋ, ನೀವೇ ಒಳಗಿದ್ರಲ್ಲ ಸರ್!"

"ಇದ್ದೆ. ಈಗ ಇಲ್ಲ. ಲಿಫ್ಟ್ ನೋಡು, ಸರಿಯಾಗೇ ಇದೆ. ಸರಿಯಾಗಿರೋದನ್ನ ಸರಿ ಮಾಡೋದು ಹೇಗಮ್ಮಾ?" ಎಂದು ಅವರು ನ್ಯಾಯವಾಗಿಯೇ ಕೇಳಿದರು. ಆಮೇಲೆ ಹೆಂಡತಿಗೆ ಫೋನು ಮಾಡಿ, "ನೀನು ಹೊರಟಿರು ಕಣೇ. ಇನ್ನೊಂದೇ ಸಲ ಮೇಲೆ ಕೆಳಗೆ ಹೋಗಿ ನೋಡಿ ಬಂದುಬಿಡ್ತೀನಿ" ಅಂದರು. ಅಮ್ಮಾವ್ರು ಮತ್ತೆ ನಾಲ್ಕು ಮಹಡಿ ಹತ್ತಿ ಬಂದು, ಅವರ ಜೇಬಿಗೆ ಕೈ ಹಾಕಿ ತಮ್ಮ ಟಿಕೆಟ್ಟು ತೆಗೆದುಕೊಂಡು, ಸೂಟ್‌ಕೇಸು ಎತ್ತಿಕೊಂಡು ಇಳಿದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ. ಅವರು ರೈಲಿನಲ್ಲಿರುವಾಗಲೇ ಹೆಣ್ಣು ಮಗು ಹುಟ್ಟಿತು. ಬೀಗಪ್ಪನವರು ತಾತನಾದ ಸುದ್ದಿಯನ್ನು ಲಿಫ್ಟಿನಲ್ಲಿ ನಿಂತು ಕೇಳಿದರು.

ಮರುದಿನವೇ ದೋಷ ಮರುಕಳಿಕೆ ಅಭಿಯಾನ ಆರಂಭವಾಯಿತು. ಸಿಬ್ಬಂದಿಯೆಲ್ಲರೂ ಸರದಿಯಂತೆ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡತಕ್ಕದ್ದು. ಓಡಾಟವೂ ಪ್ರಯಾಣವೇ ಆದ್ದರಿಂದ ಪ್ರಯಾಣ ಭತ್ಯೆ ಮಂಜೂರಾಯಿತು. ಉಪಪಾಲಕರು ತಾವು ಹೋದ ದೂರವನ್ನೆಲ್ಲ ಒಟ್ಟು ಕೂಡಿಸಿ, ಅದು ಪರವೂರಿನ ಅಂತರಕ್ಕೆ ಸಮನಾಗಿದೆಯೆಂದು ತೋರಿಸಿ ವಸತಿ ಭತ್ಯೆಯನ್ನೂ ಪಡೆದರು. ಕೂರಲು ಒಂದು ಕುರ್ಚಿ, ಗಾಳಿಗೆ ಒಂದು ಫ್ಯಾನು ಒಳಗೆ ಬಂದವು. ಅಷ್ಟು ವರ್ಷ ಬೇಡವೆಂದರೂ ನಿಲ್ಲುತ್ತಿದ್ದ ಲಿಫ್ಟು ಈಗ ಏನು ಮಾಡಿದರೂ ನಿಲ್ಲಲೊಲ್ಲದು.

ಯಾವ ಬೀಗವನ್ನು ಯಾರು ಯಾವಾಗ ಹಿಡಿದರು ಎಂದು ಬರೆದಿಡುವ ಸಾಲೊಂದನ್ನು ಹೊಸಬಳು ಲಿಫ್ಟಿನ ಕರ್ನಲ್ಲಿಗೆ ಮಾತ್ರ ಪರೀಕ್ಷೆಗೆಂದು ಸೇರಿಸಿದ್ದಳು; ಅದು ತೇಪೆಯ ಲೆಕ್ಕಕ್ಕೆ ಬರುವುದಿಲ್ಲ. ಹಾಗೆ ಬರೆಯುವುದರಲ್ಲಿ ಒಂದು ಚಿಟಿಕೆ ಹೊತ್ತು ಕಳೆದು, ಬಾಗಿಲೂ ಮೋಟಾರೂ ಒಟ್ಟಿಗೆ ಹೊರಡುವುದೇ ತಪ್ಪಿಹೋಗುತ್ತಿತ್ತು. ಅಂದರೆ ನೋಡುತ್ತಿದ್ದರೆ ದೋಷ ಬರುವುದಿಲ್ಲ, ನೋಡದಿದ್ದರೆ ಬಂದದ್ದು ಗೊತ್ತಾಗುವುದಿಲ್ಲ. ಸಭೆಯು ಇದನ್ನು ಗಂಭೀರವಾಗಿ ಪರಿಗಣಿಸಿ ಆ ಸಾಲನ್ನು ತೆಗೆಸಿತು. ಜೊತೆಗೆ ನನ್ನಿಂದ ಇನ್ನೊಂದು ಪ್ರಕಟಣೆ ಬರೆಸಿತು: "ಲಿಫ್ಟಿನಲ್ಲಿರುವವರು ಏನನ್ನಾದರೂ ನಿರೀಕ್ಷಿಸುತ್ತಿರುವಂತೆ ಕಾಣತಕ್ಕದ್ದಲ್ಲ." ಅಂದಿನಿಂದ ಎಲ್ಲರೂ ಸೂರು ನೋಡುತ್ತ, ಶಿಳ್ಳೆ ಹಾಕುತ್ತ ಓಡಾಡಿದೆವು. ನನಗೂ ಸ್ವಲ್ಪ ಭತ್ಯೆ ಬಂತು, ಸುಳ್ಳೇಕೆ ಹೇಳಲಿ.

ಮೂರು ತಿಂಗಳು ಹೀಗೆ ಕಳೆಯಿತು. ಬೀಗಪ್ಪನವರು ಮಗಳ ಊರಿಗೆ ಹೋಗಲಿಲ್ಲ. ಅಮ್ಮಾವ್ರು ಫೋನು ಮಾಡಿದಾಗೆಲ್ಲ "ಹೂಂ, ಲಿಫ್ಟಲ್ಲಿದ್ದೀನಿ, ಇಡು" ಅನ್ನುತ್ತಿದ್ದರು. ಬೆಟ್ಟ ಮಹಮ್ಮದನ ಬಳಿ ಬರದಿದ್ದರೆ ಇತ್ಯಾದಿ ಗಾದೆ ಹೇಳುವವನು ನಾನಲ್ಲ. ತಾತ ಬರದಿದ್ದರೆ ಮೊಮ್ಮಗಳೇ ಬರಬೇಕಾಯಿತು, ಅಷ್ಟೇ. ಒಂದು ಮಧ್ಯಾಹ್ನ ಟ್ಯಾಕ್ಸಿ ಬಂದು ನಿಂತಿತು. ಮಗಳು ಬಾಡಿಗೆ ಕೊಡುತ್ತ ಹಿಂದೆ ಉಳಿದಳು. ಅಮ್ಮಾವ್ರು ಮಗುವನ್ನು ಹೆಗಲಿಗೆ ಹಾಕಿಕೊಂಡು, "ಈ ಸಲ ಮೆಟ್ಟಿಲು ನನ್ನ ಕೈಲಾಗಲ್ಲಪ್ಪ" ಎಂದು ವಾಚ್‌ಮನ್ನನಿಗೆ ಹೇಳಿ ಲಿಫ್ಟ್ ಹತ್ತಿದರು. ಮೂರು ಮತ್ತು ನಾಲ್ಕರ ನಡುವೆ ಅದು ನಿಂತಿತು.

ಕಟ್ಟಡದಲ್ಲಿ ಹರ್ಷೋದ್ಗಾರ. ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಬೀಗಪ್ಪನವರು "ಬಂತು! ಬಂತು!" ಎನ್ನುತ್ತ ಕೋಣೆಯಿಂದ ಹೊರಗೆ ಹಾರಿದರು. ಒಳಗಿರುವವರು ಯಾರೆಂದು ವಾಚ್‌ಮನ್ ತಿಳಿಸಿದ್ದನ್ನು ನಾನು ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ನಾಲ್ಕು ಮಹಡಿ ದಡದಡ ಇಳಿದು, ವಾಚ್‌ಮನ್ನನ ಕುರ್ಚಿಯನ್ನು ಸರಿಸಿ, ಕೆಂಪು ಸ್ವಿಚ್ಚಿನ ಮೇಲೆ ಕೈ ಇಟ್ಟರು. ಇನ್ನೊಂದು ಕೈಯಲ್ಲಿ, ಲಿಫ್ಟಿನೊಳಗಿನವರ ಜೊತೆ ಮಾತಾಡಲು ಅಲ್ಲೇ ಗೋಡೆಗೆ ಹಾಕಿದ್ದ ಫೋನು; ಅದರ ದನಿ ಸುತ್ತ ನಿಂತವರಿಗೂ ಕೇಳುತ್ತದೆ. ಹಿಂದೆಯೇ ಓಡಿ ಬಂದ ನಾವೆಲ್ಲ ಸುತ್ತ ನಿಂತೆವು.

"ನಾನು ಕಣೇ. ಹೆದರ್ಕೋಬೇಡ. ಮಗು ಹೇಗಿದೆ?"

"ಈಗ ತಾನೇ ನಿದ್ದೆ ಹೋಯ್ತು," ಅಮ್ಮಾವ್ರ ದನಿ ಪಿಸುಪಿಸು ಕೇಳಿಸಿತು. "ರೈಲಲ್ಲಿ ರಾತ್ರಿಯೆಲ್ಲ ಅತ್ತಿದೆ. ಕೇಳಿ ಬೇಕಾದ್ರೆ."

ಫೋನನ್ನು ಮಗುವಿನ ಹತ್ತಿರ ಹಿಡಿದಿರಬೇಕು. ಬೀಗಪ್ಪನವರು ಕಿವಿಗೊಟ್ಟು ಕೇಳುತ್ತ ನಿಂತರು. ಕಣ್ಣಲ್ಲಿ ನೀರು ತುಂಬಿತು. ಮೊಮ್ಮಗಳ ಉಸಿರನ್ನು ಅವರು ಕೇಳಿದ್ದು ಅದೇ ಮೊದಲು. ನಿಧಾನವಾಗಿ ಸ್ವಿಚ್ಚಿನ ಮೇಲಿಂದ ಕೈ ತೆಗೆದರು.

"ಹಾಗಾದ್ರೆ ಎಬ್ಬಿಸೋದು ಬೇಡ," ಅಂದರು.

ಹೊಸಬಳು ತೇಪೆ ಹಿಡಿದು ಮುಂದೆ ಬಂದಳು. ದೋಷವೂ ಇದೆ, ಪಾಲಕರೂ ಹೊರಗಿದ್ದಾರೆ, ಇಂಥ ಗಳಿಗೆ ಮಂಡಳಿಯ ಇತಿಹಾಸದಲ್ಲೇ ಬಂದಿರಲಿಲ್ಲ. ಬೀಗಪ್ಪನವರು ಕನ್ನಡಕ ಏರಿಸಿ ಎರಡೂ ಸಾಲು ಓದಿದರು, ಮತ್ತೊಮ್ಮೆ ಓದಿದರು. "ತುಂಬಾ ಚೆನ್ನಾಗಿದೆಯಮ್ಮಾ. ಎರಡನೇ ಸಾಲಿನ ಕೊನೇಲಿ ಒಂದು ಖಾಲಿ ಜಾಗ ಹೆಚ್ಚಾಗಿದೆ. ತಿದ್ದಿ ಮತ್ತೆ ಕಳಿಸು. ಮುಂದಿನ ವರ್ಷ ನೋಡೋಣ." ಹೊಸಬಳು "ಆಯ್ತು ಸರ್" ಎಂದಳು. ಒಂಬತ್ತು ವರ್ಷದಲ್ಲಿ ಅವರು ಚೆನ್ನಾಗಿದೆ ಅಂದದ್ದು ಅದೇ ಮೊದಲೆಂದು ಅವಳಿಗೆ ಸಂತೋಷವೇ ಆಯಿತು.

ಅಷ್ಟರಲ್ಲಿ ಮಗಳು ಒಳಗೆ ಬಂದಳು. ನಡೆದದ್ದನ್ನು ಕೇಳಿ ಹೌಹಾರಿದಳು. "ಅಪ್ಪಾ! ನಿಮಗೇನು ತಲೆ ಕೆಟ್ಟಿದೆಯಾ? ಮೊದಲು ಸ್ವಿಚ್ ಒತ್ತಿ!"

"ಒತ್ತಬಹುದು," ಎಂದು ಬೀಗಪ್ಪನವರು ಫೋನನ್ನು ಅವಳ ಕೈಗೆ ಕೊಟ್ಟರು. "ಯಾವುದಕ್ಕೂ ನಿಮ್ಮಮ್ಮನ್ನ ಒಂದು ಮಾತು ಕೇಳು."

"ಅಮ್ಮಾ, ನೀನೇ ಹೇಳಮ್ಮಾ ಇವರಿಗೆ!"

ಒಳಗಿನಿಂದ ಬಂದ ಉತ್ತರ ಎಲ್ಲರಿಗೂ ಕೇಳಿಸಿತು.

"ಇರಲಿ ಬಿಡೇ. ಇಲ್ಲಿ ಕುರ್ಚಿ ಇದೆ, ಫ್ಯಾನಿದೆ. ಮೂರು ತಿಂಗಳಾಯ್ತು, ಇವರು ಫೋನಿಟ್ಟುಬಿಡದೆ ನನ್ನ ಹತ್ರ ಮಾತಾಡಿದ್ದು ಇವತ್ತೇ. ಫೋನು ಅವರ ಕೈಗೆ ಕೊಡು."

ಮಗಳು ಕೊಟ್ಟಳು. ಬೀಗಪ್ಪನವರು ವಾಚ್‌ಮನ್ನನ ಕುರ್ಚಿಯಲ್ಲಿ ಕೂತು, "ಹೂಂ, ಹೇಳೇ," ಅಂದರು. ನಾವು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆವು. ಮೊದಲ ಮಹಡಿಯಲ್ಲಿ ನಿಂತು ನಾನು ಪ್ರಕಟಣೆ ಬರೆದು ಅಂಟಿಸಿದೆ. ಅದು ಈಗಲೂ ಜಾರಿಯಲ್ಲಿದೆ: ಲಿಫ್ಟ್ ಸುಸ್ಥಿತಿಯಲ್ಲಿದೆ. ಸದ್ದು ಮಾಡತಕ್ಕದ್ದಲ್ಲ. ಮಗು ಮಲಗಿದೆ.